ಸ್ಕೀ ಊರಿನಲ್ಲಿ ಹನ್ನೆರಡು ತಿಂಗಳೂ ಇರೋಕಾಗ್ತದೇನ್ರಿ, ಅಕ್ಕೋರೇ?

ಪ್ರಶ್ನೆ: "ಅಕ್ಕೋರೇ, ನಮ್ಮ ಮಗ ಕೆನಡಾದಾಗ ಒಂದು ಸ್ಕೀ ರೆಸಾರ್ಟ್ ಊರಾಗ (ಕಾಲಿಗೆ ಪಟ್ಟಿ ಕಟ್ಟಿಕೊಂಡು ಹಿಮದ ಮ್ಯಾಲ ಜಾರೋ ಆಟದ ಊರು) ಮನಿ ತಗೊಂಡಾನ. ಬ್ಯಾಸಗ್ಯಾಗ ಅಲ್ಲೇ ಗಾಲ್ಫ್ ಆಡ್ತಾರಂತ. ಹೋದ ಡಿಸೆಂಬರ್‌ನಾಗ ನಾವಿಬ್ರೂ ಹದಿನೈದು ದಿನ ಇದ್ದು ಬಂದೀವಿ, ಸ್ವರ್ಗ ಇದ್ದಂಗ ಅದ. ಈಗ 'ಬಂದು ಇಲ್ಲೇ ಇದ್ದುಬಿಡ್ರಿ' ಅಂತಾನ. ನನಗ 64, ಮನಿಯಾಕಿಗೆ 58. ಅಂಥ ಶಾಂತ ಊರಾಗ ವರ್ಷಪೂರ್ತಿ ಇರೋದು ನಮ್ಮಂಥವರಿಗೆ ಆಗ್ತದೇನ್ರಿ?" (ಸೇಡಂನಿಂದ ಓದುಗರೊಬ್ಬರು)

ಉತ್ತರ: ಆಗ್ತದ್ರಿ. ಆದರೆ ನೀವು ನೋಡಿ ಬಂದದ್ದು ಆ ಊರಿನ ಜಾತ್ರೆಯನ್ನು. ಊರನ್ನು ಇನ್ನೂ ನೋಡಿಲ್ಲ.

ನಾನು ಕಲಬುರಗಿಯಲ್ಲಿ ಹೈಸ್ಕೂಲಿಗೆ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಮಗಳು ಅಳಿಯ ಇರುವುದು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸನ್ ಪೀಕ್ಸ್ ಎಂಬ ಸ್ಕೀ ಊರಿನಲ್ಲಿ. ಕಾಮ್ಲೂಪ್ಸ್ ಪಟ್ಟಣದಿಂದ ಸುಮಾರು 50 ಕಿಲೋಮೀಟರ್ ಬೆಟ್ಟ ಹತ್ತಿದರೆ ಸಿಗುವ ಊರು. ನಾನೂ ಯಜಮಾನರೂ ಒಂದು ಸೆಪ್ಟೆಂಬರ್‌ನಲ್ಲಿ ಹೋಗಿ ಮರುವರ್ಷದ ಅಕ್ಟೋಬರ್‌ವರೆಗೆ, ಹದಿಮೂರು ತಿಂಗಳು ಅಲ್ಲಿದ್ದೆವು. ಬಂದಾಗಿನಿಂದ ಈ ಪ್ರಶ್ನೆಯನ್ನು ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಎಲ್ಲರೂ ಮೊದಲು ಕೇಳುವುದು ಥಂಡಿಯ ಬಗ್ಗೆ. ಥಂಡಿ ದೊಡ್ಡ ಮಾತಲ್ಲ. ಅದಕ್ಕಿಂತ ದೊಡ್ಡದು ಬೇರೆ ಇದೆ, ಅದನ್ನೇ ಮೊದಲು ಹೇಳುತ್ತೇನೆ.

ನೀವು ಗಾಣಗಾಪುರಕ್ಕೆ ಹುಣ್ಣಿಮೆಗೆ ಹೋಗಿರುತ್ತೀರಿ. ಸಂಗಮದಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಬೀದಿಯ ಎರಡೂ ಬದಿ ಅಂಗಡಿ, ಬಸ್ಸಿನ ಮೇಲೆ ಬಸ್ಸು. ಅದೇ ಊರಿಗೆ ಹುಣ್ಣಿಮೆ ಕಳೆದು ನಾಲ್ಕನೇ ದಿನ, ಸೋಮವಾರವೋ ಮಂಗಳವಾರವೋ ಹೋಗಿ ನೋಡಿ. ಅಲ್ಲಿಯೇ ಹುಟ್ಟಿ ಬೆಳೆದವರ ಊರು ಆ ಎರಡನೆಯದು. ಸ್ಕೀ ಊರಿಗೆ ವರ್ಷದಲ್ಲಿ ಎರಡು ಹುಣ್ಣಿಮೆ. ದೊಡ್ಡದು ನವೆಂಬರ್ ಮೂರನೇ ವಾರದಿಂದ ಏಪ್ರಿಲ್ ನಡುವಿನವರೆಗೆ, ಹಿಮದ ಮೇಲೆ. ಚಿಕ್ಕದು ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಗಾಲ್ಫ್, ಸೈಕಲ್, ಬೆಟ್ಟ ಹತ್ತುವವರದು. ಈ ಎರಡರ ನಡುವೆ ಎರಡು ಖಾಲಿ ಕಾಲಗಳಿವೆ. ವರ್ಷಪೂರ್ತಿ ಇರುವವರಿಗೆ ನಿಜವಾದ ಪರೀಕ್ಷೆ ಆಗುವುದು ಅಲ್ಲಿ.

ಏಪ್ರಿಲ್ ಎರಡನೇ ವಾರ, ಸ್ಕೀ ಆಡುವವರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟ್ ನಿಂತಿತು. ಮರುದಿನದಿಂದಲೇ ಊರು ಖಾಲಿಯಾಗತೊಡಗಿತು. ಲಿಫ್ಟಿನಲ್ಲಿ, ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದ ಹುಡುಗ ಹುಡುಗಿಯರು ಚೀಲ ಹೊತ್ತು ಬಸ್ ಹತ್ತಿದರು. ಉಪಾಹಾರದ ಹೋಟೆಲುಗಳು ಬಾಗಿಲಿಗೆ ಚೀಟಿ ಅಂಟಿಸಿದವು: ಜೂನ್‌ನಲ್ಲಿ ತೆರೆಯುತ್ತೇವೆ. ಡಿಸೆಂಬರ್‌ನಲ್ಲಿ ನೀವು ಕಂಡ ಬಿಳುಪು ಆಗ ಇರುವುದಿಲ್ಲ. ಹಿಮ ಕರಗಿ ರಸ್ತೆ ಬದಿಗೆಲ್ಲ ರಾಡಿ, ಚಳಿಗಾಲವಿಡೀ ಜಾರದಿರಲೆಂದು ಹಾಕಿದ ಉಸುಕು, ಕಂದು ಬಣ್ಣದ ಗುಡ್ಡ. ನಮ್ಮ ಬಾಲ್ಕನಿಯ ಎದುರಿನ ಕಟ್ಟಡಕ್ಕೆ ನಮ್ಮ ಕಡೆ ಇಪ್ಪತ್ನಾಲ್ಕು ಕಿಟಕಿಗಳಿದ್ದವು. ಕ್ರಿಸ್‌ಮಸ್ ವಾರ ಇಪ್ಪತ್ನಾಲ್ಕರಲ್ಲೂ ದೀಪ. ಏಪ್ರಿಲ್ ಕೊನೆಯ ವಾರ ಎರಡರಲ್ಲಿ. ನಾನು ದಿನಾ ಸಂಜೆ ಎಣಿಸುತ್ತಿದ್ದೆ. ಒಂದು ದಿನ ಮೂರನೆಯ ಕಿಟಕಿಯಲ್ಲಿ ದೀಪ ಕಂಡಾಗ ಯಜಮಾನರನ್ನು ಕರೆದು ತೋರಿಸಿದೆ.

ಯಾಕೆ ಹೀಗೆ ಎಂದರೆ, ಮನೆಗಳು ಬಹುತೇಕ ಹೊರಗಿನವರವು. ಅವರು ವರ್ಷದಲ್ಲಿ ಕೆಲವು ವಾರ ಬಂದು ಇರುತ್ತಾರೆ, ಉಳಿದ ದಿನ ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಡುತ್ತಾರೆ. ಆ ಪ್ರಾಂತ್ಯದಲ್ಲಿ ಮೇ 1, 2024ರಿಂದ ಇಂಥ ದಿನಬಾಡಿಗೆಗೆ ಬಿಗಿ ನಿಯಮ ಬಂದಿದೆ, ದೊಡ್ಡ ಊರುಗಳಲ್ಲಿ ಸ್ವಂತ ವಾಸದ ಮನೆ, ಅದೇ ಜಾಗದ ಇನ್ನೊಂದು ಚಿಕ್ಕ ಮನೆ ಬಿಟ್ಟು ಬೇರೆಯದನ್ನು ಹಾಗೆ ಕೊಡುವಂತಿಲ್ಲ ಎಂದು. ಆದರೆ ರೆಸಾರ್ಟ್ ಊರುಗಳಿಗೆ ಬಹುತೇಕ ವಿನಾಯಿತಿ ಇದೆ, ಅವು ನಡೆಯುವುದೇ ಅದರ ಮೇಲೆ. ಸನ್ ಪೀಕ್ಸ್‌ಗೆ 2010ರಲ್ಲಿ ಸ್ವಂತ ಪುರಸಭೆ ಬಂತು. 2021ರ ಜನಗಣತಿಯಲ್ಲಿ ಅಲ್ಲಿನ ಕಾಯಂ ಜನಸಂಖ್ಯೆ 1,404. ನಮ್ಮ ಕಡೆ ಒಂದು ಸಣ್ಣ ಹಳ್ಳಿ. ಆ ಸಾವಿರದ ನಾಲ್ಕುನೂರು ಜನ ಒಬ್ಬರಿಗೊಬ್ಬರು ಬಹಳ ಆಪ್ತರು, ಅದನ್ನು ಮುಂದೆ ಹೇಳುತ್ತೇನೆ.

ಈಗ ಥಂಡಿ. ಜನವರಿಯಲ್ಲಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಇರುವುದು ಸಾಮಾನ್ಯ, ಇಪ್ಪತ್ತೈದು ಡಿಗ್ರಿ ಕೆಳಗಿಳಿದ ದಿನಗಳೂ ಇದ್ದವು. ಆದರೆ ಮನೆಯೊಳಗೆ ಯಾವಾಗಲೂ 20, 21. ಮೇ ತಿಂಗಳಲ್ಲಿ 43 ಡಿಗ್ರಿಗೆ ನಮ್ಮ ಫ್ಯಾನೂ ಬಿಸಿ ಗಾಳಿ ಬೀಸುವಾಗ ಮನೆಯೊಳಗೂ ಹೊರಗೂ ಒಂದೇ ಆಗುತ್ತದಲ್ಲ, ಅಲ್ಲಿ ಹಾಗಿಲ್ಲ. ಬಾಗಿಲು ಹಾಕಿದರೆ ಥಂಡಿ ಹೊರಗೇ ಉಳಿಯುತ್ತದೆ. ನಮಗೆ ಕಷ್ಟ ಕೊಟ್ಟದ್ದು ಒಣಹವೆ. ಹೊರಗಿನ ತಂಪು ಗಾಳಿಯಲ್ಲಿ ತೇವಾಂಶ ಇರುವುದೇ ಕಡಿಮೆ, ಅದನ್ನು ಒಳಗೆ ತಂದು ಬಿಸಿ ಮಾಡಿದರೆ ಇನ್ನಷ್ಟು ಒಣಗುತ್ತದೆ. ಹಿಮ್ಮಡಿ ಒಡೆದು ರಕ್ತ ಬಂತು, ಮೂಗಿನೊಳಗೆ ಹಕ್ಕಳೆ ಕಟ್ಟಿತು. ರಾತ್ರಿ ತೇವ ಬಿಡುವ ಯಂತ್ರ ಹಚ್ಚಿ, ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಸವರಿ ಕಾಲುಚೀಲ ಹಾಕಿ ಮಲಗಿದ ಮೇಲೆ ಸರಿಹೋಯಿತು.

ಬೆಳಕಿನ ಬಗ್ಗೆ ಯಾರೂ ಕೇಳುವುದಿಲ್ಲ, ಕೇಳಬೇಕು. ಕಲಬುರಗಿಯಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ತಾಸು. ಅಲ್ಲಿ ಡಿಸೆಂಬರ್‌ನಲ್ಲಿ ಎಂಟು ತಾಸು, ಅದರಲ್ಲೂ ಸೂರ್ಯ ಬೇಗ ಬೆಟ್ಟದ ಹಿಂದೆ ಸರಿಯುತ್ತಾನೆ. ಹದಿನೈದು ದಿನಕ್ಕೆ ಅದು ಚಂದ ಅನ್ನಿಸುತ್ತದೆ. ಮೂರನೇ ತಿಂಗಳಿಗೆ ಮನಸ್ಸು ಭಾರವಾಗುತ್ತದೆ. ದಿನಾ ಮಧ್ಯಾಹ್ನ ಊಟಕ್ಕೆ ಮೊದಲು ಅರ್ಧ ತಾಸು ಹೊರಗೆ ನಡೆಯಿರಿ, ಅದನ್ನು ಮಾತ್ರೆ ತಗೊಂಡಷ್ಟೇ ಕಡ್ಡಾಯ ಮಾಡಿಕೊಳ್ಳಿ. ಜೂನ್‌ನಲ್ಲಿ ಇದರ ಉಲ್ಟಾ, ಹಗಲು ಹದಿನಾರು ತಾಸಿಗೂ ಮೇಲೆ. ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ, ಪರದೆ ಇಲ್ಲದೆ ನಿದ್ದೆ ಬರುವುದಿಲ್ಲ.

ಆದರೆ ನಡೆಯುವಾಗ ಎಚ್ಚರ. ಫೆಬ್ರವರಿಯ ಒಂದು ಬೆಳಿಗ್ಗೆ ಯಜಮಾನರು ಕಸ ಹಾಕಲು ಹೋದರು, ಇಪ್ಪತ್ತು ಹೆಜ್ಜೆಯ ದೂರ. ಹಿಂದಿನ ದಿನ ಸ್ವಲ್ಪ ಕರಗಿದ್ದ ಹಿಮ ರಾತ್ರಿ ಗಟ್ಟಿಯಾಗಿ ಗಾಜಿನಂತೆ ಕೂತಿತ್ತು. ಮೇಲೆ ಉದುರಿದ ತೆಳು ಹಿಮದ ಪುಡಿಯಲ್ಲಿ ಅದು ಕಾಣಲಿಲ್ಲ. ಬಿದ್ದರು, ಬಲಗೈ ಮಣಿಕಟ್ಟು ಮುರಿಯಿತು. ಊರಿನಲ್ಲಿ ಆರೋಗ್ಯ ಕೇಂದ್ರ ಇದೆ, ಆದರೆ ಇಂಥದಕ್ಕೆ ಕಾಮ್ಲೂಪ್ಸ್‌ಗೇ ಇಳಿಯಬೇಕು. ಮುಕ್ಕಾಲು ತಾಸಿನ ದಾರಿ ಅಂದು ಹಿಮ ಬೀಳುತ್ತಿದ್ದುದರಿಂದ ಒಂದೂವರೆ ತಾಸು ಆಯಿತು. ಇಡೀ ದಾರಿ ನಾನು ಅವರ ಕೈ ಕೆಳಗೆ ದಿಂಬು ಹಿಡಿದು ಕೂತಿದ್ದೆ. ಹೃದಯದ ತೊಂದರೆ ಇದ್ದವರಿಗೆ ಆ ಒಂದೂವರೆ ತಾಸು ಏನಾಗಬಹುದು ಎಂದು ಆಗ ಅರ್ಥವಾಯಿತು. ನಿಮ್ಮಿಬ್ಬರಲ್ಲಿ ಯಾರಿಗಾದರೂ ಎದೆನೋವು, ಸ್ಟೆಂಟ್, ಡಯಾಲಿಸಿಸ್ ಇದ್ದರೆ ವರ್ಷಪೂರ್ತಿ ಬೆಟ್ಟದ ಮೇಲೆ ಇರಬೇಡಿ. ಮಗ ಕೆಳಗಿನ ಪಟ್ಟಣದಲ್ಲಿ ಬಾಡಿಗೆ ಮನೆ ಮಾಡಿಕೊಡಲಿ. ಇದನ್ನು ನಾನು ಯಾರ ಮುಲಾಜೂ ಇಲ್ಲದೆ ಹೇಳುತ್ತೇನೆ. ಬಿ.ಪಿ., ಸಕ್ಕರೆ ಮಾತ್ರ ಇದ್ದರೆ ಅಷ್ಟು ಅಂಜಿಕೆ ಬೇಡ. ಬೂಟಿನ ಅಡಿಗೆ ಸಿಕ್ಕಿಸುವ ಮುಳ್ಳಿನ ಪಟ್ಟಿ ಸಿಗುತ್ತದೆ, ಅದಿಲ್ಲದೆ ಹೊಸ್ತಿಲು ದಾಟಬೇಡಿ, ಕಸದ ಡಬ್ಬಿಯವರೆಗಾದರೂ ಸರಿ. ಹೆಜ್ಜೆ ಚಿಕ್ಕದು, ಮೊಣಕಾಲು ಸ್ವಲ್ಪ ಬಾಗಿರಲಿ, ಕೈ ಜೇಬಿನಲ್ಲಿ ಬೇಡ.

ಆಸ್ಪತ್ರೆ ಎಂದಾಗ ವಿಮೆ. ಮಗ ಅಲ್ಲಿ ಕಾಯಂ ನಿವಾಸಿಯೋ ಪೌರನೋ ಆಗಿದ್ದರೆ ತಂದೆ ತಾಯಿಗೆ ಸೂಪರ್ ವೀಸಾ ಸಿಗುತ್ತದೆ, ಜುಲೈ 2022ರಿಂದ ಒಂದು ಸಲಕ್ಕೆ ಐದು ವರ್ಷದವರೆಗೆ ಇರಬಹುದು. ಅದಕ್ಕೆ ಕನಿಷ್ಠ 1 ಲಕ್ಷ ಕೆನಡಾ ಡಾಲರ್ ಮೊತ್ತದ ಆರೋಗ್ಯ ವಿಮೆ ಒಂದು ವರ್ಷಕ್ಕೆ ಇರಲೇಬೇಕು. ಅಲ್ಲಿನ ಸರ್ಕಾರಿ ಆರೋಗ್ಯ ಯೋಜನೆ ನಮ್ಮಂಥವರಿಗೆ ಅನ್ವಯಿಸುವುದಿಲ್ಲ. ನಿಮ್ಮ ಹಳೆಯ ಕಾಯಿಲೆಗಳನ್ನು ವಿಮೆಯ ಅರ್ಜಿಯಲ್ಲಿ ಒಂದನ್ನೂ ಮುಚ್ಚಿಡದೆ ಬರೆಸಿ.

ಕಾರಿನ ಮಾತು ಚಿಕ್ಕದು. ಬೆಟ್ಟದ ದಾರಿಗಳಲ್ಲಿ ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಚಳಿಗಾಲದ ಟೈರ್ ಕಡ್ಡಾಯ. ಕಾರು ಓಡಿಸುವವರು ಮಗ ಸೊಸೆ ಮಾತ್ರ, ನೀವಲ್ಲ. ಹಾಗಾಗಿ ಸಂತೆ ವಾರಕ್ಕೊಮ್ಮೆ, ಅವರ ರಜೆಯ ದಿನ. ಮೇಲಿನ ಅಂಗಡಿಯಲ್ಲಿ ಹಾಲು ಬ್ರೆಡ್ಡು ಸಿಗುತ್ತದೆ, ದರ ಹೆಚ್ಚು. ಇಲ್ಲಿಯಂತೆ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಕಡೆ ಹೋಗಿ ಒಂದು ಕಟ್ಟು ಕೊತ್ತಂಬರಿ ತಂದೆ ಎನ್ನುವ ಸುಖ ಮರೆತುಬಿಡಿ. ಮನೆಯ ಖರ್ಚಿನಲ್ಲಿ ಮಗನಿಗೆ ಒಂದು ಮಾತು ಕೇಳಿ: ಕಟ್ಟಡದ ಸಂಘಕ್ಕೆ ತಿಂಗಳ ಶುಲ್ಕ ಎಷ್ಟು, ಹಿಮ ತೆಗೆಯುವುದು ಅದರಲ್ಲಿ ಸೇರಿದೆಯೇ? ಸೇರಿಲ್ಲ ಎಂದರೆ ಸಲಿಕೆ ಹಿಡಿಯುವವರು ನೀವೇ, ಮತ್ತು 64ರಲ್ಲಿ ಅದು ಬೇಡ.

ಬೇಸಿಗೆ ನಿಜಕ್ಕೂ ಸುಖ. ಚಳಿಗಾಲದಲ್ಲಿ ಸ್ಕೀ ಮಾಡುತ್ತಿದ್ದ ಬಯಲೇ ಗಾಲ್ಫ್ ಅಂಗಳವಾಗಿ ಹಸಿರಾಗುತ್ತದೆ. ಯಜಮಾನರು ಗಾಲ್ಫ್ ಕೋಲು ಮುಟ್ಟಲಿಲ್ಲ, ಸಂಜೆ ಆಟ ಮುಗಿದ ಮೇಲೆ ಅಂಚಿನ ದಾರಿಯಲ್ಲಿ ನಡೆಯುತ್ತಿದ್ದರು. ಆದರೆ ಬೇಸಿಗೆಗೂ ಒಂದು ಭಯವಿದೆ, ಕಾಡಿನ ಬೆಂಕಿ. ಜೂನ್ 29, 2021ರಂದು ಅದೇ ಪ್ರಾಂತ್ಯದ ಲಿಟನ್ ಎಂಬ ಸಣ್ಣ ಊರಿನಲ್ಲಿ 49.6 ಡಿಗ್ರಿ ಬಿಸಿಲು ದಾಖಲಾಯಿತು. ಬಿಸಿಲಿನ ನಾಡಿನವರಾದ ನಮಗೂ ನಂಬಲಾಗದ ಅಂಕಿ. ಮರುದಿನವೇ ಆ ಊರು ಬಹುಪಾಲು ಸುಟ್ಟುಹೋಯಿತು. ನಾವಿದ್ದ ಆಗಸ್ಟ್‌ನಲ್ಲಿ ಬೆಂಕಿ ದೂರದಲ್ಲಿತ್ತು, ಹೊಗೆ ಮಾತ್ರ ಬಂತು. ನಾಲ್ಕು ದಿನ ಕಿಟಕಿ ತೆರೆಯಲಿಲ್ಲ. ಪಾಸ್‌ಪೋರ್ಟ್, ಮಾತ್ರೆ, ವಿಮೆಯ ಕಾಗದ, ಎರಡು ಜೊತೆ ಬಟ್ಟೆ ಇರುವ ಚೀಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಗಿಲ ಹಿಂದೆ ತೂಗುಹಾಕಿರಬೇಕು ಎಂದು ಮಗಳು ಮೊದಲೇ ಹೇಳಿದ್ದಳು.

ಅಡುಗೆಮನೆಯ ಬಗ್ಗೆ ನಿಮ್ಮ ಮನೆಯವರಿಗೆ ಹೇಳಿ. ನಾವು ಒಯ್ದದ್ದು ನಮ್ಮದೇ ತೊಗರಿಬೇಳೆ, 2019ರಲ್ಲಿ ಜಿಐ ಮಾನ್ಯತೆ (ಈ ನೆಲದ್ದೇ ವಿಶೇಷ ಎಂಬ ಸರ್ಕಾರಿ ಗುರುತು) ಸಿಕ್ಕ ಕಲಬುರಗಿ ಬೇಳೆ. ಮೊದಲ ದಿನ ತೆರೆದ ಪಾತ್ರೆಯಲ್ಲಿ ಇಟ್ಟರೆ ಬೇಯಲೇ ಇಲ್ಲ. ಬೇಳೆ ಹಳೆಯದೇನೋ ಎಂದುಕೊಂಡೆ. ಆಮೇಲೆ ಹೊಳೆಯಿತು, ಇಷ್ಟು ವರ್ಷ ಮಕ್ಕಳಿಗೆ ಕಲಿಸಿದ ಪಾಠವೇ ಅದು: ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ಕಡಿಮೆ, ನೀರು ಬೇಗ ಕುದಿಯುತ್ತದೆ, ಆದರೆ ಅಷ್ಟು ಬಿಸಿ ಇರುವುದಿಲ್ಲ. ಸನ್ ಪೀಕ್ಸ್ ಇರುವುದು ಸುಮಾರು 1,255 ಮೀಟರ್ ಎತ್ತರದಲ್ಲಿ. ಅಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್‌ನಲ್ಲಿ ಎರಡು ಸೀಟಿ ಹೆಚ್ಚು ಹಾಕಿದ ಮೇಲೆ ಬೇಳೆ ಬೆಣ್ಣೆಯಂತಾಯಿತು. ಒಗ್ಗರಣೆಗೆ ಮೊದಲು ಒಲೆ ಮೇಲಿನ ಫ್ಯಾನ್ ಹಚ್ಚಲು ಹೇಳಿ. ಮೆಣಸಿನಕಾಯಿ ಚಟಪಟ ಅಂದ ತಕ್ಷಣ ಹೊಗೆಯ ಗಂಟೆ ಇಡೀ ಮನೆಗೆ ಕೂಗುತ್ತದೆ.

ಎಳ್ಳಮಾವಾಸ್ಯೆಗೆ ಭಜ್ಜಿ ಮಾಡಿದೆ, ಸಜ್ಜೆ ರೊಟ್ಟಿ ತಟ್ಟಿದೆ. ಚರಗ ಚೆಲ್ಲಲು ಹೊಲ ಎಲ್ಲಿ? ಮನೆಯ ಹಿಂದಿನ ಹಿಮದ ಮೇಲೆ ನಾಲ್ಕು ತುತ್ತು ಚೆಲ್ಲಿದೆ. ಮಗಳು ಓಡಿಬಂದಳು. "ಅವ್ವಾ, ಹೊರಗ ಕೂಳು ಬಿಡಬಾರ್ದು, ಕಾಡುಪ್ರಾಣಿ ಬರ್ತಾವ." ಕರಡಿಗಳು ಚಳಿಗಾಲದಲ್ಲಿ ಗುಹೆ ಸೇರಿರುತ್ತವೆ, ಆದರೆ ನರಿ, ತೋಳದ ಜಾತಿಯವು ತಿರುಗುತ್ತವೆ. ಒಮ್ಮೆ ರುಚಿ ಹತ್ತಿದರೆ ಮತ್ತೆ ಮತ್ತೆ ಬರುತ್ತವೆ, ಕೊನೆಗೆ ಅವುಗಳನ್ನೇ ಕೊಲ್ಲಬೇಕಾಗುತ್ತದೆ. ನಾನು ಕೈಯಿಂದ ಅಷ್ಟನ್ನೂ ಹೆಕ್ಕಿ ತಂದೆ. ಬೆರಳು ಮರಗಟ್ಟಿದ್ದವು. ಅಂದು ಸಂಜೆ ಊರಿಗೆ ಫೋನ್ ಮಾಡಲಿಲ್ಲ, ಮಾತು ಬರುತ್ತಿರಲಿಲ್ಲ.

ಇನ್ನು ಜನ. ನಾವಿದ್ದ ಚಳಿಗಾಲದಲ್ಲಿ ಅಲ್ಲಿಗೂ ಇಲ್ಲಿಗೂ ಹದಿಮೂರೂವರೆ ತಾಸಿನ ವ್ಯತ್ಯಾಸ ಇತ್ತು. ನನ್ನ ತಂಗಿ ಇಲ್ಲಿ ಸಂಜೆ ಏಳಕ್ಕೆ ದೀಪ ಹಚ್ಚಿ ಫೋನ್ ಮಾಡಿದರೆ ಅಲ್ಲಿ ನಸುಕಿನ ಐದೂವರೆ. ಹಗಲಿಡೀ ಮಗಳು ಅಳಿಯ ಕೆಲಸಕ್ಕೆ, ಮೊಮ್ಮಗ ಶಾಲೆಗೆ. ಹಿಮ ಬಿದ್ದಾಗ ಸದ್ದನ್ನೂ ನುಂಗಿಬಿಡುತ್ತದೆ. ಶಾಂತ ಊರು ಎಂದು ನೀವು ಬರೆದಿದ್ದೀರಿ, ಆ ಶಾಂತಿಯನ್ನು ನೀವು ಎಷ್ಟು ಹೊತ್ತು ಸೈರಿಸಬಲ್ಲಿರಿ ಎಂಬುದೇ ನಿಮ್ಮ ಪ್ರಶ್ನೆಯ ತಿರುಳು.

ನಮ್ಮನ್ನು ಉಳಿಸಿದ್ದು ಆ ಖಾಲಿ ಕಾಲದಲ್ಲಿ ಸಿಕ್ಕ ಜನವೇ. ಪ್ರವಾಸಿಗರು ತುಂಬಿದ್ದಾಗ ಯಾರೂ ಯಾರನ್ನೂ ನೋಡುವುದಿಲ್ಲ. ಮೇ ತಿಂಗಳಲ್ಲಿ ಅಂಚೆ ಡಬ್ಬಿಯ ಬಳಿ ಇನ್ನೊಬ್ಬರು ಕಂಡರೆ ಅವರು ಕಾಯಂ ಇರುವವರೇ ಎಂದು ಗೊತ್ತಾಗುತ್ತದೆ, ನಿಂತು ಮಾತಾಡುತ್ತಾರೆ. ಹಾಗೆ ಪರಿಚಯವಾದ ಎಪ್ಪತ್ತು ದಾಟಿದ ಹೆಣ್ಣುಮಗಳೊಬ್ಬರು ಪ್ರತಿ ಗುರುವಾರ ನಮ್ಮ ಮನೆಗೆ ಬಂದು ರೊಟ್ಟಿ ತಟ್ಟಲು ಕಲಿತರು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಅವರಿಗೆ ಕನ್ನಡ ಬಾರದು, ಹಿಟ್ಟಿಗೆ ಭಾಷೆ ಬೇಕಿರಲಿಲ್ಲ. ಈಗಲೂ ಸುಟ್ಟ ರೊಟ್ಟಿಯ ಫೋಟೊ ಕಳಿಸುತ್ತಾರೆ.

ಆದ್ದರಿಂದ ನನ್ನ ಸಲಹೆ ಇಷ್ಟು. ಸೇಡಂನ ಮನೆ ಮಾರಬೇಡಿ, ಬಾಡಿಗೆಗೂ ಕೊಡಬೇಡಿ, ಒಂದು ವರ್ಷ ಬೀಗ ಹಾಕಿಡಿ. ಡಿಸೆಂಬರ್ ಟಿಕೆಟ್ ಬೇಡ. ಅಕ್ಟೋಬರ್ ಮೊದಲ ವಾರ ಹೋಗಿ, ಲಿಫ್ಟ್ ಶುರುವಾಗುವ ಮುಂಚಿನ ಆರು ವಾರ ಅಲ್ಲಿರಿ. ಗಾಲ್ಫ್ ಮುಗಿದಿರುತ್ತದೆ, ಸ್ಕೀ ಆಡುವಷ್ಟು ಹಿಮ ಇನ್ನೂ ಬಿದ್ದಿರುವುದಿಲ್ಲ. ಆ ಆರು ವಾರ ಮನಸ್ಸಿಗೆ ಒಗ್ಗಿದರೆ ಉಳಿದ ವರ್ಷವೂ ಒಗ್ಗುತ್ತದೆ.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಈ ಅಕ್ಟೋಬರ್ 20ರ ರಾತ್ರಿ ಏಳಕ್ಕೆ ಬಾಲ್ಕನಿಯಲ್ಲಿ ನಿಂತು ಎದುರಿನ ಕಟ್ಟಡದ ಫೋಟೊ ತೆಗೆದು ಕಳಿಸಲು ಮಗನಿಗೆ ಹೇಳಿ. ನೀವಿಬ್ಬರೂ ಕೂತು ಎಷ್ಟು ಕಿಟಕಿಯಲ್ಲಿ ದೀಪ ಇದೆ ಎಣಿಸಿ. ಎಷ್ಟು ಬಂತೆಂದು ನನಗೂ ಬರೆಯಿರಿ.