ಸುಮ್ನೆ ಬಿಟ್ರೆ ಖುಷಿ, ಕೆಲ್ಸ ಹೇಳಿದ್ರೆ ಬೇಜಾರಾ?

ನಾಯಿನ ಟ್ರೈನಿಂಗ್‌ಗೆ ಕರ್ಕೊಂಡು ಬರೋರು ಮೊದ್ಲು ಕೇಳೋದೆಲ್ಲ ಕಮಾಂಡ್ ಬಗ್ಗೆ, ಎಷ್ಟು ದಿನಕ್ಕೆ ಸಿಟ್ ಕಲಿಯುತ್ತೆ, ಕರೆದ್ರೆ ಯಾವಾಗಿಂದ ಬರುತ್ತೆ, ಜಿಗಿಯೋದು ಯಾವಾಗ ನಿಲ್ಸುತ್ತೆ. ಖುಷಿ ವಿಷ್ಯ ಬರೋದು ಹೊರಡೋ ಹೊತ್ತಿಗೆ, ಅದೂ ಸ್ವಲ್ಪ ಅಳುಕಿಂದ: "ಇದನ್ನೆಲ್ಲ ಮಾಡ್ಸಿದ್ರೆ ಪಾಪ ಅದಕ್ಕೆ ಬೇಜಾರಾಗಲ್ವಾ?" ಪ್ರಾಣಿನ ಅದರ ಪಾಡಿಗೆ ಬಿಟ್ರೆ ಖುಷಿಯಾಗಿರುತ್ತೆ, ಕೆಲ್ಸ ಹೇಳಿದ್ರೆ ಹಿಂಸೆ ಅನ್ನೋ ನಂಬಿಕೆ ಇದ್ರ ಹಿಂದೆ ಇದೆ. ನಾನು ನೋಡಿರೋದು ಹೆಚ್ಚು ಕಮ್ಮಿ ಉಲ್ಟಾ, ಆದ್ರೆ ಯಾವ ಥರದ ಕೆಲ್ಸ, ಯಾರು ಹೇಗೆ ಹೇಳ್ತಾರೆ ಅನ್ನೋದ್ರಲ್ಲೇ ಎಲ್ಲ ಇರೋದು, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಪ್ರಾಣಿಗಳ ಯೋಗಕ್ಷೇಮ ಅಂದ ತಕ್ಷಣ ನಮ್ಮ ಫೀಲ್ಡಲ್ಲಿ ಎಲ್ರೂ ಹೇಳೋದು ಐದು ಸ್ವಾತಂತ್ರ್ಯಗಳ ಪಟ್ಟಿ. 1965ರ ಬ್ರಿಟನ್ನಿನ ಒಂದು ಸರ್ಕಾರಿ ವರದಿಯಿಂದ ಶುರುವಾಗಿ 1979ರಲ್ಲಿ ಈಗಿನ ರೂಪಕ್ಕೆ ಬಂದಿದ್ದು ಅದು. ಹಸಿವು ಬಾಯಾರಿಕೆ ಇರಬಾರ್ದು, ಇರೋ ಜಾಗ ಅನುಕೂಲವಾಗಿರ್ಬೇಕು, ನೋವು ಕಾಯಿಲೆ ಇರಬಾರ್ದು, ಭಯ ಸಂಕಟ ಇರಬಾರ್ದು, ಸಹಜ ನಡವಳಿಕೆಗೆ ಅವಕಾಶ ಇರ್ಬೇಕು. ಒಳ್ಳೇ ಪಟ್ಟಿನೇ, ತಕರಾರಿಲ್ಲ. ಆದ್ರೆ ಗಮನಿಸಿ, ಕೊನೇದೊಂದು ಬಿಟ್ರೆ ಮಿಕ್ಕಿದ್ದೆಲ್ಲ ಕೆಟ್ಟದ್ದು ಆಗದೇ ಇರೋ ಲೆಕ್ಕ. ಹೊಟ್ಟೆ ತುಂಬಿದೆ, ಗಾಯ ಇಲ್ಲ, ಮೆತ್ತನೆ ಹಾಸಿಗೆ ಇದೆ, ಆದ್ರೂ ಇಡೀ ದಿನ ಬಾಲ್ಕನಿಲಿ ಕೂತು ತನ್ನ ಕಾಲನ್ನೇ ನೆಕ್ಕಿ ನೆಕ್ಕಿ ಹುಣ್ಣು ಮಾಡ್ಕೊಳ್ಳೋ ನಾಯಿಗಳನ್ನ ನಾನು ಬೇಕಾದಷ್ಟು ನೋಡಿದೀನಿ.

ಬಾಲ ಅಲ್ಲಾಡ್ಸೋ ವಿಷ್ಯ ಇಲ್ಲೇ ಮುಗಿಸ್ಬಿಡ್ತೀನಿ. ಬಾಲ ಆಡ್ತಿದೆ ಅಂದ್ರೆ ಒಳಗೆ ಏನೋ ಉದ್ವೇಗ ಇದೆ ಅಂತ ಅಷ್ಟೇ, ಅದು ಒಳ್ಳೇದೋ ಕೆಟ್ಟದ್ದೋ ಅನ್ನೋದನ್ನ ಮೈ ಪೂರ್ತಿ ನೋಡೇ ಹೇಳ್ಬೇಕು. ಇಟಲಿಯ ಸಂಶೋಧಕರು 2007ರಲ್ಲಿ ತೋರ್ಸಿಕೊಟ್ಟ ಹಾಗೆ ಓನರ್ ಕಂಡಾಗ ಬಾಲ ನಾಯಿಯ ಬಲಗಡೆಗೆ ಜಾಸ್ತಿ ವಾಲುತ್ತೆ, ಗುರುತಿಲ್ಲದ ಜೋರಿನ ನಾಯಿ ಕಂಡಾಗ ಎಡಗಡೆಗೆ. ಬರಿಗಣ್ಣಲ್ಲಿ ಇದನ್ನ ಹಿಡಿಯೋದು ಕಷ್ಟ, ಹಾಗಾಗಿ ಬಾಯಿ ಸಡಿಲ ಇದ್ಯಾ, ಕಣ್ಣಿನ ಬಿಳಿ ಕಾಣ್ತಿದ್ಯಾ, ತಿಂಡಿ ಇಲ್ದೇ ಇದ್ರೂ ನಾಲಿಗೆಲಿ ಮೂಗು ಸವರ್ಕೊಳ್ತಿದ್ಯಾ, ನಿದ್ದೆ ಬರದೆ ಆಕಳಿಸ್ತಿದ್ಯಾ, ಇವನ್ನ ನೋಡಿ. ಕೈ ಕೊಡು ಅಂದಾಗ ಪಕ್ಕಕ್ಕೆ ತಿರುಗಿ ಆಕಳಿಸೋ ನಾಯಿ ವಿಡಿಯೋಗೆ ಲೈಕ್ಸ್ ಬೀಳ್ತಾವೆ, ನಾಯಿಗೆ ಮಾತ್ರ ಅಲ್ಲಿಂದ ಎದ್ದು ಹೋದ್ರೆ ಸಾಕಾಗಿರುತ್ತೆ.

ಈಗ ಮುಖ್ಯ ವಿಷ್ಯಕ್ಕೆ ಬರ್ತೀನಿ. 2004ರಲ್ಲಿ ಹೇಗನ್ ಮತ್ತೆ ಬ್ರೂಮ್ ಅನ್ನೋ ಇಬ್ರು ಸಂಶೋಧಕರು ಕಡಸುಗಳ ಮೇಲೆ ಮಾಡಿದ ಪ್ರಯೋಗ ನನಗೆ ತುಂಬಾ ಇಷ್ಟ. ಒಂದಷ್ಟು ಕಡಸುಗಳು ಒಂದು ಪ್ಯಾನಲ್ ಒತ್ತಿದ್ರೆ ಗೇಟ್ ತೆಗೆಯುತ್ತೆ, ಆ ಕಡೆ ಮೇವಿನ ಬಹುಮಾನ. ಇನ್ನೊಂದಷ್ಟಕ್ಕೆ ಗೇಟ್ ಅದರಷ್ಟಕ್ಕೆ ಅದೇ ತೆಗೆಯುತ್ತೆ, ಅವು ಏನೂ ಮಾಡ್ಬೇಕಾಗಿಲ್ಲ, ಮೇವು ಮಾತ್ರ ಅಷ್ಟೇ. ಸಿಗೋದು ಒಂದೇ ಆದ್ರೂ, ಕಲಿಯೋ ಗುಂಪಿನ ಕಡಸುಗಳಿಗೆ ವಿಷ್ಯ ಅರ್ಥ ಆಗ್ತಾ ಬಂದ ಹೊತ್ತಲ್ಲಿ ಎದೆಬಡಿತ ಏರ್ತಿತ್ತು, ಮೇವಿನ ಕಡೆ ಹೋಗೋವಾಗ ಜೋರಾಗಿ ಓಡೋದು, ನೆಗೆಯೋದು ಜಾಸ್ತಿಯಾಗ್ತಿತ್ತು. ಬೀಗಲ್ ನಾಯಿಗಳ ಮೇಲೆ ಸ್ವೀಡನ್ನಲ್ಲಿ ಇದೇ ಥರ ಮಾಡಿದ ಕೆಲ್ಸ 2014ರಲ್ಲಿ ಬಂತು. ತಾನೇ ಏನೋ ಮಾಡಿ ಬಹುಮಾನ ಗಿಟ್ಟಿಸ್ಕೊಂಡ ನಾಯಿಗಳು ಮುಂದಿನ ಸಲ ಆ ರೂಮಿಗೆ ಎಳ್ಕೊಂಡು ಹೋಗ್ತಿದ್ವು, ಏನು ಮಾಡಿದ್ರೂ ಮಾಡದಿದ್ರೂ ಅಷ್ಟೇ ಸಿಕ್ತಿದ್ದ ನಾಯಿಗಳು ಬರಬರ್ತಾ ಒಳಗೆ ಕಾಲಿಡೋಕೇ ಹಿಂಜರೀತಿದ್ವು. ತಿನ್ನೋಕೆ ಸಿಗುತ್ತೆ ಅಂತ ಗೊತ್ತಿದ್ರೂ ಹೋಗಲ್ಲ ಅಂದ್ರೆ ಯೋಚ್ನೆ ಮಾಡಿ.

ಇದಕ್ಕೆ ಮಿದುಳಿನ ಕಡೆಯಿಂದಲೂ ಆಧಾರ ಇದೆ. ಷುಲ್ಟ್ಸ್ ಅನ್ನೋ ವಿಜ್ಞಾನಿ ಕೋತಿಗಳಲ್ಲಿ ತೋರ್ಸಿದ ಹಾಗೆ, ಕಲಿತ ಮೇಲೆ ಡೋಪಮೈನ್ (ಬಹುಮಾನದ ಆಸೆಗೆ ಸಂಬಂಧಪಟ್ಟ ಮಿದುಳಿನ ರಾಸಾಯನಿಕ) ನರಕೋಶಗಳು ಜೋರಾಗಿ ಕೆಲ್ಸ ಮಾಡೋದು ಬಹುಮಾನದ ಹಣ್ಣಿನ ರಸ ಬಾಯಿಗೆ ಬಿದ್ದಾಗ ಅಲ್ಲ, ಬರುತ್ತೆ ಅನ್ನೋ ಸೂಚನೆ ಸಿಕ್ಕಾಗ. ಹುಡುಕೋದ್ರಲ್ಲಿ, ಈಗ ಆಗುತ್ತೆ ಅಂತ ಕಾಯೋದ್ರಲ್ಲಿ ಪ್ರಾಣಿಗೆ ದೊಡ್ಡ ಮಜಾ ಇದೆ. ಬಟ್ಟಲಲ್ಲಿ ಪುಕ್ಕಟೆ ಆಹಾರ ಪಕ್ಕದಲ್ಲೇ ಇದ್ರೂ ಒಂದು ಹಿಡಿಕೆ ಒತ್ತಿ ಸಂಪಾದಿಸಿ ತಿನ್ನೋ ಇಲಿಗಳ ಬಗ್ಗೆ 1963ರಿಂದಲೇ ಪ್ರಯೋಗಗಳಿವೆ, ಆಮೇಲೆ ಪಾರಿವಾಳ, ಕೋಳಿ, ಕೋತಿ ಇನ್ನೂ ಎಷ್ಟೋ ಪ್ರಾಣಿಗಳಲ್ಲಿ ಇದನ್ನೇ ಕಂಡಿದಾರೆ. (ಬೆಕ್ಕು ಮಾತ್ರ ಪುಕ್ಕಟೆ ಬಟ್ಟಲಿಗೇ ಹೋಗುತ್ತೆ ಅಂತ 2021ರ ಒಂದು ಅಧ್ಯಯನ ಹೇಳುತ್ತೆ, ಬೆಕ್ಕು ಸಾಕಿರೋರಿಗೆ ಇದಕ್ಕೆ ಅಧ್ಯಯನ ಬೇಕಾಗಿರ್ಲಿಲ್ಲ.)

ಅದಕ್ಕೇ ನಾನು ಏನು ಮಾಡ್ಬೇಕು ಅಂತ ತೋರ್ಸೋದು ಕಮ್ಮಿ, ಕಾಯೋದು ಜಾಸ್ತಿ. ನೆಲದ ಮೇಲೆ ಒಂದು ರಟ್ಟಿನ ಡಬ್ಬ ಇಟ್ಟು ಸುಮ್ನೆ ಕೂತ್ಕೋತೀನಿ, ನಾಯಿ ಅದ್ರ ಕಡೆ ನೋಡಿದ್ರೆ ಕೈಯಲ್ಲಿರೋ ಪುಟ್ಟ ಕ್ಲಿಕರ್ ಒತ್ತಿ ಕ್ಲಿಕ್, ಅಂದ್ರೆ ಸರಿ ಅನ್ನೋ ಸದ್ದು, ಒಂದು ಚೂರು ತಿಂಡಿ, ಹತ್ರ ಹೋದ್ರೆ ಇನ್ನೊಂದು ಕ್ಲಿಕ್, ಮೂಗು ತಾಗಿಸಿದ್ರೆ ಇನ್ನೊಂದು, ಹೀಗೇ ಸಾಗ್ತಾ ಸಾಗ್ತಾ ಒಂದು ಘಳಿಗೆಲಿ ನಾಯಿ ಗಕ್ಕಂತ ನಿಂತು ನನ್ನ ಮುಖ ನೋಡಿ, ಮತ್ತೆ ಡಬ್ಬ ನೋಡಿ, ಬೇಕು ಅಂತಲೇ ಹೋಗಿ ಮೂಗಲ್ಲಿ ತಳ್ಳುತ್ತೆ. ಕ್ಲಿಕ್ ಬರೋದು ತನ್ನಿಂದ ಅಂತ ಅದಕ್ಕೆ ಗೊತ್ತಾಗೋದು ಆವಾಗ್ಲೇ, ಆಮೇಲೆ ಅದು ನಡೆಯೋ ರೀತಿನೇ ಬೇರೆ ಆಗುತ್ತೆ.

ಇದ್ರ ಇನ್ನೊಂದು ಮುಖ ಭಯಾನಕ. 1967ರಲ್ಲಿ ಸೆಲಿಗ್‌ಮನ್ ಮತ್ತೆ ಮೈಯರ್ ಅನ್ನೋ ಮನಶ್ಶಾಸ್ತ್ರಜ್ಞರು ನಾಯಿಗಳಿಗೆ ತಪ್ಪಿಸ್ಕೊಳ್ಳೋಕಾಗದ ಶಾಕ್ ಕೊಟ್ರು, ಆಮೇಲೆ ತಪ್ಪಿಸ್ಕೊಳ್ಳೋಕೆ ದಾರಿ ಇದ್ರೂ ಬಹಳಷ್ಟು ನಾಯಿಗಳು ಕೂತಲ್ಲೇ ಕೂತ್ವು. ಏನು ಮಾಡಿದ್ರೂ ಪ್ರಯೋಜನ ಇಲ್ಲ ಅಂತ ಅವು ಕಲಿತುಬಿಟ್ಟಿವೆ ಅಂತ ಆಗ ಅಂದ್ಕೊಂಡಿದ್ರು. 2016ರಲ್ಲಿ ಅವರಿಬ್ರೇ ಅದನ್ನ ತಿರುಗಿಸಿ ಬರೆದ್ರು: ಎಡೆಬಿಡದೆ ಕಷ್ಟ ಬಿದ್ದಾಗ ಮುದುಡಿಕೊಳ್ಳೋದು ಹುಟ್ಟಿಂದಲೇ ಬಂದ ಪ್ರತಿಕ್ರಿಯೆ, ಕಲೀಬೇಕಾಗಿರೋದು ನನ್ನ ಕೈಲಾಗುತ್ತೆ ಅನ್ನೋದನ್ನ. ಶಾಕ್ ಕಾಲರ್ ಹಾಕಿ ಎರಡು ವಾರದಲ್ಲಿ ಸೈಲೆಂಟ್ ಮಾಡಿ ವಾಪಸ್ ಕೊಡೋ ನಾಯಿಗಳನ್ನ ನೋಡಿದಾಗ ನನಗೆ ಇದೇ ನೆನಪಾಗೋದು. ಬಿಫೋರ್ ಆಫ್ಟರ್ ವಿಡಿಯೋಲಿ ಎಷ್ಟು ಶಾಂತ ಅನ್ಸುತ್ತೆ, ಬೊಗಳಲ್ಲ, ಎಳೆಯಲ್ಲ, ಆದ್ರೆ ಆಟದ ಸಾಮಾನು ಮುಂದಿಟ್ರೂ ಮುಟ್ಟಲ್ಲ. ಪೋರ್ಚುಗಲ್‌ನ ಟ್ರೈನಿಂಗ್ ಸ್ಕೂಲ್‌ಗಳ 92 ನಾಯಿಗಳ ಮೇಲಿನ 2020ರ ಅಧ್ಯಯನದಲ್ಲಿ, ಬೈಗುಳ ಎಳೆದಾಟ ಜಾಸ್ತಿ ಇದ್ದ ಕಡೆಯ ನಾಯಿಗಳಲ್ಲಿ ಒತ್ತಡದ ಲಕ್ಷಣ, ಟ್ರೈನಿಂಗ್ ಆದ್ಮೇಲಿನ ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನ್ ಎರಡೂ ಜಾಸ್ತಿ ಇತ್ತು.

ಅಂಥ ನಾಯಿ ಬಂದ್ರೆ ನಾನು ಕಮಾಂಡ್ ಮಾತೇ ಎತ್ತಲ್ಲ. ಉಗುರು ಕಟ್ ಮಾಡ್ಬೇಕಾ, ಒಂದು ಟವೆಲ್ ಇಟ್ಟು ಅದ್ರ ಮೇಲೆ ಗದ್ದ ಊರೋದನ್ನ ಕಲಿಸ್ತೀನಿ, ಗದ್ದ ಊರಿದ್ರೆ ಶುರು ಮಾಡ್ತೀನಿ, ಎತ್ತಿದ್ರೆ ಆ ಕ್ಷಣವೇ ಕೈ ತೆಗೀತೀನಿ. ಓನರ್‌ಗಳಿಗೆ ತಾಳ್ಮೆ ತಪ್ಪುತ್ತೆ, "ಹೀಗೆ ಬಿಟ್ರೆ ಅದು ಯಾವತ್ತೂ ಎತ್ಕೊಂಡೇ ಇರುತ್ತಲ್ಲ ಸರ್" ಅಂತಾರೆ. ಶುರುಲಿ ಎತ್ತುತ್ತೆ ನಿಜ, ಬೇಡ ಅಂದ್ರೆ ನಿಜವಾಗ್ಲೂ ನಿಲ್ಲುತ್ತೆ ಅಂತ ಗ್ಯಾರಂಟಿ ಆದ್ಮೇಲೆ ಹೆಚ್ಚಿನವು ಊರ್ಕೊಂಡೇ ಇರ್ತಾವೆ.

ಹಾಗಂತ ಯಾವ ಕೆಲ್ಸ ಕೊಟ್ರೂ ಖುಷಿ ಅಂತೇನಿಲ್ಲ. ಬ್ರೆಲ್ಯಾಂಡ್ ದಂಪತಿ ಸಾವಿರಾರು ಪ್ರಾಣಿಗಳನ್ನ ಟ್ರೈನ್ ಮಾಡಿದೋರು, 1961ರಲ್ಲಿ ಅವರು ಬರೆದಿದ್ರಲ್ಲಿ ರಕೂನ್ ಅನ್ನೋ ಅಮೆರಿಕದ ಒಂದು ಚಿಕ್ಕ ಕಾಡುಪ್ರಾಣಿಯ ಕಥೆ ಇದೆ. ನಾಣ್ಯ ಎತ್ತಿ ಡಬ್ಬಕ್ಕೆ ಹಾಕಿದ್ರೆ ತಿಂಡಿ. ಒಂದು ನಾಣ್ಯ ಹೇಗೋ ಹಾಕ್ತು, ಎರಡು ಕೊಟ್ರೆ ಎರಡನ್ನೂ ಒಂದಕ್ಕೊಂದು ಉಜ್ತಾ ಕೂತ್ಬಿಡ್ತು, ಊಟ ತೊಳೆಯೋ ಅದ್ರ ಹುಟ್ಟುಗುಣ ಎದುರಿಗೆ ಬಂತು. ಮೂಗಿಂದಲೇ ಲೋಕ ನೋಡೋ ಜಾತಿ ನಾಯಿನ ಗಂಟೆಗಟ್ಟಲೆ ಪಕ್ಕದಲ್ಲೇ ತಲೆ ಎತ್ಕೊಂಡು ನಡೆಸೋರಿಗೆ ನಾನು ಹೇಳೋದು ಇಷ್ಟೇ, ಅದಕ್ಕೆ ಮೂಸೋಕೆ ಬಿಡಿ.

ಇನ್ನು ಟ್ರೈನರ್‌ಗಳ ಖುಷಿ. ಇದ್ರ ಬಗ್ಗೆ ನಾವು ಮಾತಾಡೋದು ಕಮ್ಮಿ, ಆದ್ರೆ ಅಪಾಯ ಇರೋದೂ ಇಲ್ಲೇ. ನಾಯಿ ಬೊಗಳುತ್ತೆ, ನಾನು ಚೈನ್ ಜಗ್ತೀನಿ, ಆ ಕ್ಷಣಕ್ಕೆ ಬೊಗಳೋದು ನಿಲ್ಲುತ್ತೆ. ಇಲ್ಲಿ ಬಹುಮಾನ ಸಿಕ್ಕಿದ್ದು ಯಾರಿಗೆ? ನನಗೆ. ಕಿರಿಕಿರಿ ನಿಂತಿದ್ದೇ ನನ್ನ ತಿಂಡಿ ಚೂರು, ನಾಳೆ ಇನ್ನೂ ಬೇಗ ಜಗ್ತೀನಿ, ನಾಡಿದ್ದು ಇನ್ನೂ ಜೋರಾಗಿ. ನಾಯಿ ಏನು ಕಲಿಯಿತೋ ಬಿಡ್ತೋ, ಜಗ್ಗೋದನ್ನ ನಾನು ಚೆನ್ನಾಗಿ ಕಲೀತೀನಿ. ಹೀಗೆ ಜಗ್ಗೋ ಟ್ರೈನರ್‌ಗಳೆಲ್ಲ ಕ್ರೂರಿಗಳೇನಲ್ಲ, ಸುಮಾರು ಜನ ಈ ಚಕ್ರದೊಳಗೆ ಸಿಕ್ಕಿ ಹಾಕ್ಕೊಂಡಿರೋರು. ಅವ್ರ ಟೆನ್ಶನ್ ನಾಯಿಗೂ ಹೋಗುತ್ತೆ, 2019ರಲ್ಲಿ ಸ್ವೀಡನ್ನಿನವರು ಕೂದಲಲ್ಲಿ ಕಾರ್ಟಿಸಾಲ್ ಅಳೆದಾಗ ಓನರ್‌ದೂ ನಾಯಿದೂ ದೀರ್ಘಕಾಲದ ಒತ್ತಡ ಜೊತೆಜೊತೆಗೇ ಏರಿಳಿದಿದ್ದು ಕಂಡಿತ್ತು.

ಬೇರೆ ಥರದ ಖುಷಿನೂ ಇದೆ. 1960ರ ದಶಕದಲ್ಲಿ ಹವಾಯಿಯಲ್ಲಿ ಡಾಲ್ಫಿನ್ ಟ್ರೈನರ್ ಕ್ಯಾರೆನ್ ಪ್ರಯರ್ ಮತ್ತೆ ಜೊತೆಯೋರು ಒಂದು ಡಾಲ್ಫಿನ್‌ಗೆ, ಹಿಂದೆ ಮಾಡದೇ ಇರೋ ಹೊಸದೇನಾದ್ರೂ ಮಾಡಿದ್ರೆ ಮಾತ್ರ ಮೀನು ಅನ್ನೋ ನಿಯಮ ಇಟ್ರು. ಎಷ್ಟೋ ಸೆಷನ್ ಅದು ಹಳೇದನ್ನೇ ಮಾಡ್ತಾ ಸುತ್ತು ಹಾಕ್ತು, ಕೊನೆಗೆ ಗುಟ್ಟು ಸಿಕ್ಕಿದ್ಮೇಲೆ ಯಾರೂ ಕಲಿಸದ ಹಾರಾಟ, ತಿರುಗಾಟ, ಬಾಲದ ಬಡಿತ ಒಂದಾದ್ಮೇಲೊಂದು ಬಂದ್ವು. ಅಲ್ಲಿ ಟ್ರೈನರ್‌ಗೆ ಸಿಕ್ಕಿದ್ದು ಹೇಳಿದ್ದು ಕೇಳಿಸ್ಕೊಂಡ ಪ್ರಾಣಿಯಲ್ಲ, ಮುಂದೇನು ಬರುತ್ತೋ ಅಂತ ಕಾಯಿಸೋ ಪ್ರಾಣಿ. ನನ್ನ ಕಸುಬಲ್ಲಿ ಇದಕ್ಕಿಂತ ದೊಡ್ಡ ಮಜಾ ನಾನು ಕಂಡಿಲ್ಲ.

ಕೊನೇದಾಗಿ ಒಂದು, ಕುಸಿದ ಕಟ್ಟಡಗಳಲ್ಲಿ ಬದುಕಿರೋರನ್ನ ಹುಡುಕೋ ನಾಯಿಗಳ ವಿಷ್ಯ. ದಿನಗಟ್ಟಲೆ ಯಾರೂ ಸಿಗದೇ ಇದ್ರೆ ನಾಯಿಯ ಉತ್ಸಾಹ ಇಳಿಯುತ್ತೆ, ಆಗ ಹ್ಯಾಂಡ್ಲರ್‌ಗಳು ತಮ್ಮಲ್ಲೇ ಒಬ್ರನ್ನ ಅವಶೇಷದ ಸಂದಿಲಿ ಬಚ್ಚಿಟ್ಟು ನಾಯಿನ ಬಿಡ್ತಾರೆ, ಅದು ಹುಡುಕಿ ಬೊಗಳಿದ್ರೆ ಎಲ್ರೂ ಸೇರಿ ಹೊಗಳಿ ಆಟ ಆಡಿಸ್ತಾರೆ. ಸುಳ್ಳು ನಾಟಕ ಅಂತ ಕೆಲವ್ರು ಅಂತಾರೆ. ನಾಯಿ ಮಟ್ಟಿಗೆ ಅಲ್ಲಿ ಸುಳ್ಳೇನೂ ಇಲ್ಲ, ಮೂಗು ಕೆಲ್ಸ ಮಾಡ್ತು, ಮನುಷ್ಯ ಸಿಕ್ಕಿದ. ಮನೇಲಿ ಮುದಿ ನಾಯಿ ಇರೋರೂ ಇದನ್ನ ಮಾಡಿ, ಕಣ್ಣು ಕಾಣ್ದೇ ಇದ್ರೂ ಪರ್ವಾಗಿಲ್ಲ, ಬಟ್ಟಲಿನ ಊಟದಲ್ಲಿ ಒಂದು ಪಾಲು ಮನೆ ತುಂಬ ಅಲ್ಲಲ್ಲಿ ಇಟ್ಟು ಹುಡುಕೋಕೆ ಬಿಡಿ, ಸಹಾಯಕ್ಕೆ ಕೈ ತೋರಿಸ್ಬೇಡಿ.