ಕೋಡ್ ಸರಿ ಇತ್ತು, ಬ್ಯಾಟರಿ ಕೈಕೊಟ್ಟಿತ್ತು

"ಮೇಡಂ, ಕೋಡ್‌ನಲ್ಲೇ ಏನೋ ತಪ್ಪಿದೆ."

ಎರಡು ಪೀರಿಯಡ್ ಪೂರ್ತಿ ಆ ಇಬ್ಬರು ಹುಡುಗರದ್ದು ಇದೇ ಮಾತು. ಅವರು ಮಾಡಿದ್ದು ಎರಡು ಮೋಟಾರಿನ ಪುಟ್ಟ ಗಾಡಿ. ಎದುರಿಗೆ ಏನಾದರೂ ಅಡ್ಡ ಬಂದರೆ ಅದು ಪಕ್ಕಕ್ಕೆ ತಿರುಗಬೇಕು. ಕೈಯಲ್ಲಿ ಎತ್ತಿ ಹಿಡಿದರೆ ಚಕ್ರ ಚೆನ್ನಾಗಿ ತಿರುಗುತ್ತಿತ್ತು. ನೆಲಕ್ಕೆ ಬಿಟ್ಟರೆ ಒಂದು ಗೇಣು ಹೋಗಿ ನಿಲ್ಲುತ್ತಿತ್ತು, ಕೋಡ್ ಓಡಿಸುವ ಬೋರ್ಡಿನ ದೀಪ ಒಮ್ಮೆ ಮಿಣುಕುತ್ತಿತ್ತು, ಮತ್ತೆ ಒಂದು ಗೇಣು ಮುಂದೆ. ಥೇಟ್ ಬಿಕ್ಕಳಿಕೆ ಬಂದ ಹಾಗೆ. ಅವರು ಕೋಡ್ ಬದಲಾಯಿಸಿದರು, ಮತ್ತೆ ಬದಲಾಯಿಸಿದರು, ಕೊನೆಗೆ ಮೊದಲು ಏನಿತ್ತು ಅನ್ನುವುದೇ ಮರೆತುಹೋಗುವಷ್ಟು ಬದಲಾಯಿಸಿದರು.

ನಾನು ಕೇಳಿದ್ದು ಒಂದೇ ಪ್ರಶ್ನೆ. "ಗಾಡಿ ಕೈಯಲ್ಲಿದೆಯೋ ನೆಲದ ಮೇಲಿದೆಯೋ ಅಂತ ನಿಮ್ಮ ಕೋಡ್‌ಗೆ ಗೊತ್ತಾಗುತ್ತಾ?"

ಇಬ್ಬರೂ ಸುಮ್ಮನಾದರು. ಆಮೇಲೆ ಒಬ್ಬ ಎದ್ದುಹೋಗಿ ವೋಲ್ಟೇಜು, ಕರೆಂಟು ಅಳೆಯುವ ಮಲ್ಟಿಮೀಟರ್ ತಂದ. ಚೌಕಾಕಾರದ 9 ವೋಲ್ಟ್ ಬ್ಯಾಟರಿ, ಸುಮ್ನೆ ಇದ್ದಾಗ ಒಂಬತ್ತರ ಹತ್ತಿರವೇ ತೋರಿಸುತ್ತಿತ್ತು. ಚಕ್ರ ನೆಲಕ್ಕೆ ತಾಗಿ ಭಾರ ಬಿದ್ದ ಕೂಡಲೇ ಐದಕ್ಕಿಂತ ಕೆಳಗೆ ಕುಸಿಯಿತು. ಮೋಟಾರು ಹೊರಡುವಾಗ ಎಳೆಯುವ ಕರೆಂಟು ಅದು ಸಲೀಸಾಗಿ ತಿರುಗುವಾಗ ಎಳೆಯುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಆ ಪುಟ್ಟ ಬ್ಯಾಟರಿಗೆ ಅಷ್ಟು ಕೊಡುವ ತಾಕತ್ತಿಲ್ಲ. ವೋಲ್ಟೇಜ್ ಬಿದ್ದರೆ ಬೋರ್ಡು ರೀಸೆಟ್ ಆಗುತ್ತದೆ, ಪ್ರೋಗ್ರಾಂ ಮತ್ತೆ ಮೊದಲಿನಿಂದ ಶುರು. ಬಿಕ್ಕಳಿಕೆ ಅಂದರೆ ಅದೇ. ಮೋಟಾರಿಗೆ ಬೇರೆಯಾಗಿ ನಾಲ್ಕು ಪೆನ್ಸಿಲ್ ಸೆಲ್ ಹಾಕಿ ಅಂದೆ. ಹಾಕಿದರು. ಆಗಲೂ ಓಡಲಿಲ್ಲ, ಯಾಕೆಂದರೆ ಎರಡೂ ಬ್ಯಾಟರಿಗಳ ಗ್ರೌಂಡ್ ವೈರನ್ನು, ಅಂದರೆ ಮೈನಸ್ ಕಡೆಯದನ್ನು, ಒಂದಕ್ಕೊಂದು ಸೇರಿಸಲು ಮರೆತಿದ್ದರು. ಅದನ್ನು ಮಾತ್ರ ನಾನು ಹೇಳಿಕೊಡಲಿಲ್ಲ. ಅರ್ಧ ಗಂಟೆ ಹಿಡಿಯಿತು, ಅವರೇ ಕಂಡುಕೊಂಡರು.

ನಾನು ಕೆಲವು ವರ್ಷ ಸರ್ಕ್ಯೂಟ್ ಬೋರ್ಡುಗಳನ್ನು ಪರೀಕ್ಷಿಸುವ ಕೆಲಸ ಮಾಡಿ, ಆಮೇಲೆ ಪಾಠ ಮಾಡಲು ಬಂದವಳು. ಹೈಸ್ಕೂಲ್ ಮಕ್ಕಳಿಗೆ ತಂತ್ರಜ್ಞಾನ ಮತ್ತು ಎಂಜಿನಿಯರಿಂಗ್ ಐಚ್ಛಿಕ ವಿಷಯ ಕಲಿಸುತ್ತೇನೆ. ಪ್ರತಿ ವರ್ಷ ವಿಷಯ ಆರಿಸುವ ಹೊತ್ತಿಗೆ ಅಪ್ಪ ಅಮ್ಮಂದಿರು ಬಂದು ಕೇಳುವುದು ಒಂದೇ: "ಯಾವುದಕ್ಕೆ ಸ್ಕೋಪ್ ಜಾಸ್ತಿ? ರೊಬೊಟಿಕ್ಸಾ, ಕೋಡಿಂಗಾ, ಎಐನಾ?" ನಾನು ತಿರುಗಿಸಿ ಕೇಳುತ್ತೇನೆ, ಆ ತರಗತಿಯಲ್ಲಿ ಮಕ್ಕಳು ಮಾಡಿದ್ದು ಕೆಲಸ ಮಾಡದೇ ಇದ್ದಾಗ ಏನಾಗುತ್ತದೆ ಅಂತ ವಿಚಾರಿಸಿದ್ದೀರಾ? ಮೇಷ್ಟ್ರು ಬಂದು ಸರಿ ಮಾಡಿಕೊಡುತ್ತಾರಾ, ಹೊಸ ಕಿಟ್ ಕೊಡುತ್ತಾರಾ, ಅಥವಾ ಮಗುವಿನ ಕೈಗೆ ಮಲ್ಟಿಮೀಟರ್ ಕೊಟ್ಟು ದೂರ ನಿಲ್ಲುತ್ತಾರಾ? ವಿಷಯದ ಹೆಸರು ಏನೇ ಇರಲಿ, ನಾನು ಮೊದಲು ನೋಡುವುದು ಇದನ್ನೇ.

ರೊಬೊಟಿಕ್ಸ್ ವಿಚಾರಕ್ಕೇ ಬರೋಣ, ಎಲ್ಲರ ಕಣ್ಣೂ ಅದರ ಮೇಲೇ ಅಲ್ವಾ. ಎರಡು ತರಹದ ರೊಬೊಟಿಕ್ಸ್ ತರಗತಿಗಳಿವೆ. ಒಂದರಲ್ಲಿ ಡಬ್ಬಿ ತೆರೆದು, ಪುಸ್ತಕದಲ್ಲಿರುವ ಚಿತ್ರದಂತೆ ಒಂದೊಂದೇ ಭಾಗ ಸೇರಿಸಿ, ಕೊನೆಗೆ ಓಡಿಸಿ, ಫೋಟೊ ತೆಗೆಸಿಕೊಳ್ಳುವುದು. ಇದು ತಪ್ಪೇನಲ್ಲ, ಹತ್ತು ವರ್ಷದ ಮಗುವಿಗೆ ಖುಷಿ ಕೊಡುತ್ತದೆ. ಹೈಸ್ಕೂಲಿನಲ್ಲೂ ಅಷ್ಟೇ ಆದರೆ ಬೇಡ ಅನ್ನುತ್ತೇನೆ. ಇನ್ನೊಂದು ತರಗತಿಯಲ್ಲಿ ಕೆಲಸ ಮಾತ್ರ ಹೇಳುತ್ತಾರೆ, ದಾರಿ ಹೇಳುವುದಿಲ್ಲ. ಈ ಚೆಂಡನ್ನು ಅಲ್ಲಿಗೆ ತಲುಪಿಸಬೇಕು, ಇಷ್ಟು ಭಾರ ಮೀರಬಾರದು, ಇಷ್ಟೇ ಸಾಮಾನು, ಅಷ್ಟೆ. ಅಲ್ಲಿ ಜಗಳ ಆಗುತ್ತದೆ, ಅಳು ಆಗುತ್ತದೆ, ಹಿಂದಿನ ದಿನ ಓಡಿದ್ದು ಮರುದಿನ ಓಡುವುದಿಲ್ಲ. ಅಂಥ ತರಗತಿಗೆ ಸೇರಿಸಿ.

ರೊಬೊಟಿಕ್ಸ್ ತಂಡಗಳ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಐದು ಜನರ ತಂಡ ಇದ್ದರೆ ಮೊದಲ ವಾರದಲ್ಲೇ ಕೆಲಸ ಹಂಚಿಹೋಗುತ್ತದೆ. ಮೊದಲೇ ಕೋಡ್ ಬರುವವನು ಕೋಡ್ ಬರೆಯುತ್ತಾನೆ, ಜೋರು ದನಿಯವನು ರಿಮೋಟ್ ಹಿಡಿಯುತ್ತಾನೆ, ಅಕ್ಷರ ಚೆನ್ನಾಗಿರುವ ಹುಡುಗಿ ಪೋಸ್ಟರ್ ಬರೆಯುತ್ತಾಳೆ. ವರ್ಷದ ಕೊನೆಗೆ ಐವರಿಗೂ ಒಂದೇ ಸರ್ಟಿಫಿಕೇಟ್. ಆದರೆ ಪೋಸ್ಟರ್ ಬರೆದ ಹುಡುಗಿ ಒಂದು ಸ್ಕ್ರೂ ಕೂಡ ತಿರುಗಿಸಿರುವುದಿಲ್ಲ. ಶುರುವಿನಲ್ಲಿ ನಾನೂ ಇದನ್ನು ಗಮನಿಸದೆ ಬಿಟ್ಟಿದ್ದೆ. ಈಗ ಎರಡು ವಾರಕ್ಕೊಮ್ಮೆ ಕೆಲಸ ಬದಲಾಗಲೇಬೇಕು. ಗೊಣಗುತ್ತಾರೆ, ಗೊಣಗಲಿ.

ಎಲೆಕ್ಟ್ರಾನಿಕ್ಸ್ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ, ಒಪ್ಪಿಕೊಳ್ಳುತ್ತೇನೆ. ಕಣ್ಣಿಗೆ ಕಾಣದ ಒಂದನ್ನು ಅಳತೆಯಿಂದಲೇ ಹಿಡಿಯುವ ಅಭ್ಯಾಸವನ್ನು ಇದರಷ್ಟು ಬೇಗ ಬೇರೆ ಯಾವುದೂ ಕಲಿಸುವುದಿಲ್ಲ. ಗಣಿತ ಜಾಸ್ತಿ ಬೇಕಾ ಅಂತ ಕೇಳುತ್ತಾರೆ. ಶುರುವಿಗೆ ಬೇಕಾಗಿದ್ದು ಭಾಗಾಕಾರ. 5 ವೋಲ್ಟ್ ಇದೆ, ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಾನೇ ಇಟ್ಟುಕೊಳ್ಳುತ್ತದೆ, ಉಳಿದ 3 ವೋಲ್ಟನ್ನು ಕರೆಂಟಿಗೆ ಕಡಿವಾಣ ಹಾಕುವ ರೆಸಿಸ್ಟರಿನ 220 ಓಮ್‌ನಿಂದ ಭಾಗಿಸಿದರೆ ಸುಮಾರು 14 ಮಿಲಿಆಂಪ್. ಎಲ್‌ಇಡಿಗೆ ಅಷ್ಟು ಸಾಕು. ರೆಸಿಸ್ಟರ್ ಇಲ್ಲದೆ ನೇರ ಬ್ಯಾಟರಿಗೆ ಕೊಟ್ಟರೆ ಏನಾಗುತ್ತದೆ ಅನ್ನುವುದನ್ನು ಪ್ರತಿ ಬ್ಯಾಚಿನಲ್ಲೂ ಯಾರಾದರೂ ಒಬ್ಬರು ಕಂಡುಹಿಡಿಯುತ್ತಾರೆ, ಒಂದು ಎಲ್‌ಇಡಿ ಹೋಗುತ್ತದೆ, ಪಾಠ ಮುಗಿಯುತ್ತದೆ. ನಮ್ಮಲ್ಲಿ ಬೇಗ ಖರ್ಚಾಗುವುದು ಎಲ್‌ಇಡಿಯೂ ಅಲ್ಲ, ಮಲ್ಟಿಮೀಟರಿನ ಒಳಗಿನ ಫ್ಯೂಸು. ಕರೆಂಟ್ ಅಳೆಯುವ ತೂತಿನಲ್ಲಿ ವೈರು ಚುಚ್ಚಿ ಹಾಗೇ ಬ್ಯಾಟರಿಯ ಎರಡು ತುದಿಗೆ ಹಿಡಿದರೆ ಫ್ಯೂಸು ಢಮಾರ್. ಶಾಲೆ ನೋಡಲು ಹೋದಾಗ ಮೇಷ್ಟ್ರ ಮೇಜಿನ ಖಾನೆಯಲ್ಲಿ ಬದಲಿ ಫ್ಯೂಸು ಇದೆಯಾ ಅಂತ ಕೇಳಿ ನೋಡಿ. ಇದ್ದರೆ ಅಲ್ಲಿ ಮಕ್ಕಳು ಮೀಟರ್ ಮುಟ್ಟುತ್ತಿದ್ದಾರೆ ಅಂತ ಅರ್ಥ.

ಸೆನ್ಸರ್‌ಗಳಿಗೆ ಬಂದಾಗ ಭೌತಶಾಸ್ತ್ರ ತಾನಾಗಿಯೇ ಒಳಗೆ ಬರುತ್ತದೆ. ಶಬ್ದದಿಂದ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ಕೊಡುತ್ತೇನೆ. ಶಬ್ದದ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್, ಎಷ್ಟು ಹೊತ್ತಿಗೆ ಪ್ರತಿಧ್ವನಿ ಬಂತು ಅಂತ ನೋಡಿ ಗುಣಿಸಿದರೆ ದೂರ ಸಿಗಬೇಕು. ಒಂದು ಮೀಟರ್ ಆಚೆ ಇರುವ ಗೋಡೆ ಅರ್ಧ ತರಗತಿಗೆ ಎರಡು ಮೀಟರ್ ಆಚೆ ಕಾಣುತ್ತದೆ. ಹೋದ ಶಬ್ದ ವಾಪಸ್ಸೂ ಬರಬೇಕಲ್ಲ, ಅರ್ಧ ಮಾಡಬೇಕು. ಪರೀಕ್ಷೆಯಲ್ಲಿ ಇದೇ ಲೆಕ್ಕವನ್ನು ಸರಿಯಾಗಿ ಮಾಡಿದ ಮಕ್ಕಳೂ ಇಲ್ಲಿ ಎಡವುತ್ತಾರೆ. ಆದರೆ ಇಲ್ಲಿ ಟೇಪು ಹಿಡಿದು ಗೋಡೆಯವರೆಗೆ ಅಳೆದುನೋಡಬಹುದು. ಉತ್ತರ ಪತ್ರಿಕೆ ವಾಪಸ್ ಬರುವವರೆಗೆ ಕಾಯಬೇಕಿಲ್ಲ.

ಕೋಡಿಂಗ್‌ಗೆ ಬಂದರೆ ಯಾವ ಭಾಷೆ ಅನ್ನುವ ಚಿಂತೆ ಬಿಡಿ. ಪೈಥಾನ್ 1991ರಲ್ಲಿ ಹೊರಬಂತು, ಸ್ಕ್ರ್ಯಾಚ್ 2007ರಲ್ಲಿ. ನಾಳೆ ಇನ್ನೊಂದು ಬರುತ್ತದೆ. ಷರತ್ತು, ಲೂಪು, ಫಂಕ್ಷನ್ ಎಲ್ಲ ಕಡೆಯೂ ಅವೇ. ನಾನು ನೋಡುವುದು ಮಗು ಎರರ್ ಮೆಸೇಜ್ ಓದುತ್ತದಾ ಅಂತ. ಬಹಳಷ್ಟು ಮಕ್ಕಳು ಕೆಂಪು ಅಕ್ಷರ ಕಂಡ ಕೂಡಲೇ ಕಿಟಕಿ ಮುಚ್ಚಿಬಿಡುತ್ತಾರೆ, ಬೈದವರಿಂದ ಮುಖ ತಿರುಗಿಸಿಕೊಂಡ ಹಾಗೆ. ಎಷ್ಟನೇ ಸಾಲಿನಲ್ಲಿ ತಪ್ಪಿದೆ ಅಂತ ಅದರಲ್ಲೇ ಬರೆದಿರುತ್ತದೆ! ಈಗಂತೂ ಚಾಟ್‌ಬಾಟ್ ಇದೆ, ಕೋಡ್ ಬರೆದುಕೊಡುತ್ತದೆ. ನಾನು ಬೇಡ ಅನ್ನುವುದಿಲ್ಲ. ಮೊನ್ನೆ ಒಬ್ಬಳು ಹಾಗೆ ತಂದ ಕೋಡು ಅಚ್ಚುಕಟ್ಟಾಗಿತ್ತು. ಅದು ದೀಪವನ್ನು 9ನೇ ಪಿನ್ನಿನಲ್ಲಿ ಹುಡುಕುತ್ತಿತ್ತು, ಅವಳು ವೈರು ಚುಚ್ಚಿದ್ದು 10ಕ್ಕೆ. ಚಾಟ್‌ಬಾಟಿಗೆ ಅವಳ ಮೇಜು ಕಾಣುವುದಿಲ್ಲವಲ್ಲ. ಮೂರು ಸಲ ಅದನ್ನೇ ಕೇಳಿ, ಮೂರು ಹೊಸ ಕೋಡ್ ಪಡೆದು, ಆಮೇಲೆ ತಲೆ ಬಗ್ಗಿಸಿ ಬೋರ್ಡು ನೋಡಿದಳು.

ಇನ್ನು ಡ್ರಾಯಿಂಗ್ ಮತ್ತು ತ್ರೀಡಿ ಪ್ರಿಂಟಿಂಗ್. ಎಲ್ಲರೂ ಕಡೆಗಣಿಸುವ ಐಚ್ಛಿಕ ಇದು, ನನ್ನ ಪ್ರಕಾರ ಜಾಸ್ತಿ ಕಲಿಸುವುದೂ ಇದೇ. ಕಂಪ್ಯೂಟರಿನಲ್ಲಿ 8 ಮಿಲಿಮೀಟರಿನ ಕಡ್ಡಿ ಬರೆದು, ಇನ್ನೊಂದರಲ್ಲಿ 8 ಮಿಲಿಮೀಟರಿನ ತೂತು ಬರೆದು, ಎರಡನ್ನೂ ಪ್ರಿಂಟ್ ಮಾಡಿ ಸೇರಿಸಲು ಹೋದರೆ ಸೇರುವುದಿಲ್ಲ. ಮಕ್ಕಳಿಗೆ ಇದು ಅನ್ಯಾಯ ಅನ್ನಿಸುತ್ತದೆ. ಎಂಟಕ್ಕೆ ಎಂಟು ಸರಿಯಾಗಬೇಕಲ್ಲವೇ? ಕರಗಿದ ಪ್ಲಾಸ್ಟಿಕ್ಕು ಸೂಜಿಮೊನೆಯಿಂದ ದಾರದ ಹಾಗೆ ಬರುತ್ತದೆ, ಆ ಮೊನೆಯ ರಂಧ್ರವೇ ಸಾಮಾನ್ಯವಾಗಿ 0.4 ಮಿಲಿಮೀಟರ್. ದಾರ ಸ್ವಲ್ಪ ಹರಡುತ್ತದೆ, ತಣ್ಣಗಾಗುವಾಗ ಸ್ವಲ್ಪ ಕುಗ್ಗುತ್ತದೆ, ತೂತು ಬರೆದದ್ದಕ್ಕಿಂತ ಚಿಕ್ಕದಾಗುತ್ತದೆ. ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆದರೆ ಗೊತ್ತಾಗುತ್ತದೆ. ಎಷ್ಟು ಸಡಿಲ ಬಿಡಬೇಕು ಅನ್ನುವುದಕ್ಕೆ ಪುಸ್ತಕದಲ್ಲಿ ಒಂದೇ ಉತ್ತರ ಇಲ್ಲ, ಆ ಯಂತ್ರ, ಆ ಪ್ಲಾಸ್ಟಿಕ್ಕು, ಆ ಗಾತ್ರಕ್ಕೆ ತಕ್ಕಂತೆ ನಾಲ್ಕೈದು ತೂತು ಪ್ರಿಂಟ್ ಮಾಡಿ ನೋಡಬೇಕು. ಒಬ್ಬ ಹುಡುಗ ಒಂದೇ ಪಟ್ಟಿಯಲ್ಲಿ 8.0ರಿಂದ 8.5ರವರೆಗೆ ಆರು ತೂತು ಮಾಡಿ, ಪ್ರತಿಯೊಂದಕ್ಕೂ ಕಡ್ಡಿ ತೂರಿಸಿ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದ: "ಹೋಗಲ್ಲ, ಹೋಗಲ್ಲ, ಸುತ್ತಿಗೆ, ಬಿಗಿ, ಸರಿ, ಲೊಡಲೊಡ." ಇಡೀ ವರ್ಷ ನಾನು ನೋಡಿದ ಅತ್ಯುತ್ತಮ ವರದಿ ಅದು. ಪಟ್ಟಿ ಇನ್ನೂ ನನ್ನ ಮೇಜಿನ ಮೇಲಿದೆ, ಈಗ ಎಲ್ಲರೂ ಅದನ್ನೇ ನೋಡಿ ಅಳತೆ ಇಡುತ್ತಾರೆ.

ಅಳತೆ ಅಂದಮೇಲೆ ಯೂನಿಟ್ಟು. ಯೂನಿಟ್ ಬರೆಯದಿದ್ದರೆ ಮಾರ್ಕ್ಸ್ ಕತ್ತರಿಸುತ್ತೇನೆ, ಅದಕ್ಕೆ ನಾನು ಜಿಪುಣಿ ಅಂತ ಹೆಸರು. ಆಗ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಥೆ ಹೇಳುತ್ತೇನೆ. 1999ರಲ್ಲಿ ಮಂಗಳದ ಹತ್ತಿರ ಹೋಗಿ ಕಳೆದುಹೋಯಿತು. ಭೂಮಿಯ ಮೇಲಿನ ಒಂದು ಸಾಫ್ಟ್‌ವೇರು ಲೆಕ್ಕವನ್ನು ಪೌಂಡಿನ ಅಳತೆಯಲ್ಲಿ ಕೊಟ್ಟಿತ್ತು, ತೆಗೆದುಕೊಂಡ ಕಡೆ ಅದು ನ್ಯೂಟನ್ನಿನ ಅಳತೆ ಅಂದುಕೊಂಡರು. ನೌಕೆ ಗ್ರಹಕ್ಕೆ ತೀರಾ ಹತ್ತಿರ ಹೋಯಿತು. ಕಥೆ ಕೇಳಿದ ಮೇಲೆ ಒಂದು ವಾರ ಎಲ್ಲರೂ ಯೂನಿಟ್ ಬರೆಯುತ್ತಾರೆ.

ಮರಗೆಲಸ, ಲೋಹದ ಕೆಲಸ ಇರುವ ವರ್ಕ್‌ಶಾಪ್ ಐಚ್ಛಿಕ ಸಿಕ್ಕಿದರೆ ಎರಡು ಸಲ ಯೋಚಿಸಬೇಡಿ. ಕಡ್ಡಿಗಳನ್ನು ಚೌಕವಾಗಿ ಜೋಡಿಸಿದರೆ ಒರಗಿಕೊಳ್ಳುತ್ತದೆ, ಒಂದು ಮೂಲೆಯಿಂದ ಇನ್ನೊಂದಕ್ಕೆ ಅಡ್ಡ ಕಡ್ಡಿ ಹಾಕಿ ತ್ರಿಕೋನ ಮಾಡಿದರೆ ಅಲ್ಲಾಡುವುದಿಲ್ಲ. ಇದನ್ನು ಕೈಯಿಂದ ತಳ್ಳಿನೋಡಿದ ಮಗುವಿಗೆ ಸೇತುವೆಯ ಚಿತ್ರ ಬೇರೆಯಾಗಿಯೇ ಕಾಣುತ್ತದೆ. ಕಣ್ಣಿಗೆ ಕನ್ನಡಕ, ಕೂದಲು ಹಿಂದಕ್ಕೆ, ತೋಳು ಮಡಚಿ. ಅಷ್ಟು ಶಿಸ್ತು ಕಾಣದಿದ್ದರೆ ಆ ಶಾಲೆಯ ವರ್ಕ್‌ಶಾಪ್ ಬೇಡ.

ಒಂದು ವಿಷಯದಲ್ಲಿ ಮಾತ್ರ ನಾನು ನನ್ನ ತರಗತಿಯ ವಿರುದ್ಧವೇ ಮಾತಾಡುತ್ತೇನೆ. ಟೈಮ್‌ಟೇಬಲ್‌ನಲ್ಲಿ ರೊಬೊಟಿಕ್ಸ್ ಮತ್ತು ಗಣಿತ, ಅಥವಾ ಎಲೆಕ್ಟ್ರಾನಿಕ್ಸ್ ಮತ್ತು ಭೌತಶಾಸ್ತ್ರ, ಹೀಗೆ ಎರಡರಲ್ಲಿ ಒಂದೇ ಅಂತ ಆದರೆ ಗಣಿತ, ಭೌತಶಾಸ್ತ್ರ ಬಿಡಬೇಡಿ. ಮುಂದೆ ಎಂಜಿನಿಯರಿಂಗ್ ಓದುವವರಿಗೆ ಅವು ಇಲ್ಲದಿದ್ದರೆ ಕಷ್ಟ. ಬೆಸುಗೆ ಹಾಕುವುದನ್ನು ಆಮೇಲೂ ಕಲಿಯಬಹುದು. ಎಂಜಿನಿಯರ್ ಆಗುವ ಯೋಚನೆ ಇಲ್ಲದ ಮಕ್ಕಳೂ ನನ್ನ ತರಗತಿಗೆ ಬರುತ್ತಾರೆ, ಬರಲಿ. ಹೋದ ವರ್ಷ ಎಲ್ಲರಿಗಿಂತ ತಾಳ್ಮೆಯಿಂದ ತಪ್ಪು ಹುಡುಕಿದವಳು ಸಂಗೀತ ಓದುತ್ತೇನೆ ಅನ್ನುವವಳು. ಮೋಟಾರಿನ ಗಿಯರ್ ಸವೆದಿದೆ ಅಂತ ಅವಳು ಕಿವಿಯಲ್ಲೇ ಹಿಡಿದಳು.

ನನ್ನ ಮೊದಲ ತರಗತಿ ಪ್ರತಿ ವರ್ಷ ಒಂದೇ ತರಹ. ಪಾಠ ಇಲ್ಲ. ಪ್ರತಿ ಮೇಜಿಗೂ ಒಂದು ಬ್ರೆಡ್‌ಬೋರ್ಡು (ಬೆಸುಗೆ ಇಲ್ಲದೆ ವೈರು ಚುಚ್ಚಿ ಸರ್ಕ್ಯೂಟು ಕಟ್ಟುವ ತೂತಿನ ಹಲಗೆ), ಅದರ ಮೇಲೆ ದೀಪ ಹೊತ್ತದ ಒಂದು ಸರ್ಕ್ಯೂಟು. ಒಳಗೆ ಮೂರು ತಪ್ಪು ನಾನೇ ಇಟ್ಟಿರುತ್ತೇನೆ. ಎಲ್‌ಇಡಿ ತಿರುಗುಮುರುಗಾಗಿರುತ್ತದೆ. ಒಂದು ವೈರು ಹೊರಗೆ ಚೆನ್ನಾಗಿದ್ದು ಒಳಗೆ ತುಂಡಾಗಿರುತ್ತದೆ. ಮೂರನೆಯದು ಸ್ವಲ್ಪ ಮೋಸದ್ದು: ಕೆಲವು ಬ್ರೆಡ್‌ಬೋರ್ಡುಗಳ ಅಂಚಿನ ಉದ್ದನೆಯ ಪವರ್ ಸಾಲು ಮಧ್ಯದಲ್ಲಿ ಕಡಿದಿರುತ್ತದೆ, ನೋಡಲು ಒಂದೇ ಸಾಲು, ಆದರೆ ಆಚೆ ಅರ್ಧಕ್ಕೆ ಕರೆಂಟೇ ಹೋಗುವುದಿಲ್ಲ. ನಿಯಮ ಒಂದೇ, ಒಂದು ಸಲಕ್ಕೆ ಒಂದೇ ಬದಲಾವಣೆ, ಮಾಡಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು.

ಈ ವರ್ಷ ಕೊನೆಯ ಮೇಜಿನವರು ಮೂರನ್ನೂ ಕಂಡುಹಿಡಿದು ಸರಿ ಮಾಡಿದರು. ದೀಪ ಹೊತ್ತಲಿಲ್ಲ. ನಾನು ಜಂಬದಿಂದ "ಮತ್ತೆ ನೋಡಿ, ಎಲ್ಲೋ ತಪ್ಪು ಮಾಡಿದ್ದೀರಿ" ಅಂದು ಮುಂದಿನ ಮೇಜಿಗೆ ಹೋದೆ. ಹತ್ತು ನಿಮಿಷ ಬಿಟ್ಟು ಒಬ್ಬಳು ನೋಟ್‌ಬುಕ್ ಹಿಡಿದು ಬಂದಳು. ನಾಲ್ಕನೇ ಸಾಲಿನಲ್ಲಿ ಬರೆದಿತ್ತು: "ಬ್ಯಾಟರಿ 0.7 ವೋಲ್ಟ್. ಇದು ನಿಮ್ಮ ತಪ್ಪಾ, ನಮ್ಮ ತಪ್ಪಾ ಮೇಡಂ?"