ಏಳು ಇಂಚಿನ ಲೇತ್‌ನಲ್ಲಿ ಕಬ್ಬಿಣ ಎಷ್ಟು?

ಮನೆಗೊಂದು ಮಿನಿ ಲೇತ್, ಅಂದರೆ ಲೋಹದ ತುಂಡನ್ನು ತಿರುಗಿಸುತ್ತಾ ಉಳಿಯಿಂದ ಕೆತ್ತುವ ಪುಟ್ಟ ಯಂತ್ರ, ತರಬೇಕು ಅಂತ ಹೊರಟವರ ಕಣ್ಣಿಗೆ ಮೊದಲು ಬೀಳುವುದು ಎರಡು ಅಂಕಿಗಳು. 7×12, 7×14, ಹೀಗೆ. ಮೊದಲನೆಯದು ಬೆಡ್, ಅಂದರೆ ಯಂತ್ರದ ಉದ್ದನೆಯ ತಳಹದಿಯ ಮೇಲೆ ಎಷ್ಟು ಇಂಚು ದಪ್ಪದ ವಸ್ತು ತಿರುಗಬಹುದು ಎನ್ನುವುದು. ಎರಡನೆಯದು ಎರಡು ಸೆಂಟರ್‌ಗಳ, ಅಂದರೆ ವಸ್ತುವನ್ನು ಎರಡೂ ತುದಿಯಲ್ಲಿ ಹಿಡಿಯುವ ಮೊನೆಗಳ, ನಡುವಿನ ಉದ್ದ. ನನ್ನನ್ನು ಕೇಳಿದರೆ, ಇವೆರಡಕ್ಕಿಂತ ಮುಂಚೆ ಕೇಳಬೇಕಾದ ಅಂಕಿ ಇನ್ನೊಂದಿದೆ. ಅದು ತೂಕ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪಕ್ಕದ ಬೀಸ್ಟನ್ ಊರಲ್ಲಿ ಮೈಫೋರ್ಡ್ ಕಂಪನಿ 1946ರಲ್ಲಿ ಎಂಎಲ್7 ಅನ್ನೋ ಲೇತ್ ಹೊರತಂದಿತು. ಅದರ ಸ್ವಿಂಗ್, ಅಂದರೆ ಆ ಮೊದಲನೇ ಅಂಕಿ, ಏಳು ಇಂಚು. ತೂಕ ನೂರು ಕೆಜಿ ಆಸುಪಾಸು. ಇವತ್ತು ಸಿಗುವ ಚೀನಾದ ಮಿನಿ ಲೇತ್‌ದೂ ಅದೇ ಏಳು ಇಂಚು. ತೂಕ ಮಾತ್ರ ಸುಮಾರು 40 ಕೆಜಿ. ಅರ್ಧಕ್ಕಿಂತ ಜಾಸ್ತಿ ಕಬ್ಬಿಣ ಮಾಯವಾಗಿದೆ. ಈ ಯಂತ್ರ ಕೊಳ್ಳುವಾಗ, ಓಡಿಸುವಾಗ ಎದುರಾಗುವ ಹೆಚ್ಚಿನ ತೊಂದರೆಗಳು ಇಲ್ಲಿಂದಲೇ ಶುರು.

ಕಬ್ಬಿಣ ಯಾಕೆ ಬೇಕು ಅನ್ನುವುದಕ್ಕೆ ಚನ್ನಪಟ್ಟಣವನ್ನು ನೆನೆಸಿಕೊಳ್ಳಿ. ಆಲೆ ಮರದ ತುಂಡು ತಿರುಗುತ್ತಿರುತ್ತದೆ, ಕುಶಲಕರ್ಮಿ ಉಳಿಯನ್ನು ಕೈಯಲ್ಲೇ ಹಿಡಿದು ಗೊಂಬೆಯ ರೂಪ ತೆಗೆಯುತ್ತಾರೆ. ಮೆತ್ತನೆಯ ಮರ, ಪಳಗಿದ ಕೈ. ಉಕ್ಕಿಗೆ ಇದು ಸಾಲದು. ಉಕ್ಕು ಉಳಿಯನ್ನು ತಿರುಗಿ ತಳ್ಳುತ್ತದೆ. ಲಂಡನ್ನಿನ ಹೆನ್ರಿ ಮಾಡ್ಸ್ಲೆ 1800ರ ಆಸುಪಾಸಿನಲ್ಲಿ ಮಾಡಿದ್ದು ಇದಕ್ಕೆ ಉತ್ತರ. ಉಳಿಯನ್ನು ಕೈಯಿಂದ ಬಿಡಿಸಿ ಜಾರುವ ಕಬ್ಬಿಣದ ಪೀಠಕ್ಕೆ ಬಿಗಿದ. ಆ ಪೀಠವನ್ನು ಉದ್ದದ ಲೀಡ್ ಸ್ಕ್ರೂ ಎಳೆಯುವಂತೆ ಮಾಡಿದ. ಸ್ಕ್ರೂವನ್ನು ಗೇರುಗಳ ಮೂಲಕ, ವಸ್ತುವನ್ನು ತಿರುಗಿಸುವ ಸ್ಪಿಂಡಲ್‌ಗೆ ಸೇರಿಸಿದ. ಗೇರು ಬದಲಿಸಿದರೆ ಬೇರೆ ಥ್ರೆಡ್, ಅಂದರೆ ಬೋಲ್ಟಿನ ಮೈಮೇಲಿರುವಂಥ ಸುರುಳಿ ಗೆರೆ. ಈ ಯೋಚನೆಗಳು ಅವನೊಬ್ಬನ ತಲೆಯಲ್ಲೇ ಹುಟ್ಟಿದವಲ್ಲ, ಆದರೆ ಮೂರನ್ನೂ ಗಟ್ಟಿ ಲೋಹದ ಚೌಕಟ್ಟಿನಲ್ಲಿ ಕೂಡಿಸಿ ದಿನದ ಕೆಲಸಕ್ಕೆ ಬರುವಂತೆ ಮಾಡಿದ ಹಿರಿಮೆ ಅವನದು. ನಿಮ್ಮ ಮೇಜಿನ ಮೇಲಿನ ಮಿನಿ ಲೇತ್‌ನಲ್ಲಿ ಇಂದಿಗೂ ಇರುವುದು ಅದೇ ಮೂರು. ಕೈಯ ಬದಲು ಉಳಿಯನ್ನು ಹಿಡಿದುಕೊಂಡಿರುವುದು ಕಬ್ಬಿಣ. ಹಾಗಾಗಿ ಕಬ್ಬಿಣ ಕಡಿಮೆಯಾದಷ್ಟೂ ಹಿಡಿತ ಸಡಿಲ.

ಹವ್ಯಾಸಕ್ಕೆ ಲೇತ್ ಇಟ್ಟುಕೊಳ್ಳುವ ರೂಢಿ ಬ್ರಿಟನ್ನಿನಲ್ಲಿ ಚೆನ್ನಾಗಿ ಬೇರೂರಿತು. ಪುಟ್ಟ ಉಗಿಬಂಡಿಗಳನ್ನು ಮನೆಯಲ್ಲೇ ಕಟ್ಟುವವರು ಅಲ್ಲಿ ಬಹಳ. ಮೈಫೋರ್ಡ್ ಬೆಳೆದದ್ದು ಅವರನ್ನು ನಂಬಿಕೊಂಡು. 1950ರ ದಶಕದಲ್ಲಿ ಆಸ್ಟ್ರಿಯಾದ ಎಮ್ಕೋ ಕಂಪನಿ ಯೂನಿಮ್ಯಾಟ್ ತಂದಿತು. ಅದರ ಬೆಡ್ ಅಂದರೆ ಎರಡು ದುಂಡು ಸರಳುಗಳು ಅಷ್ಟೇ. ಅದನ್ನೇ ಬಿಚ್ಚಿ ಜೋಡಿಸಿದರೆ ಡ್ರಿಲ್ಲಿಂಗ್ ಮೆಷಿನ್ನೂ ಆಗುತ್ತಿತ್ತು. ಗಡಿಯಾರದ ಬಿಡಿಭಾಗಕ್ಕೆ, ಸಣ್ಣ ಹಿತ್ತಾಳೆ ಕೆಲಸಕ್ಕೆ ಸಾಕು, ಉಕ್ಕಿನ ದಪ್ಪ ಸರಳಿಗೆ ಸಾಲದು. ಮನೆಯೊಳಗೆ ಹಿಡಿಸಲಿ ಅಂತ ಕಬ್ಬಿಣ ಇಳಿಸುವ ಕೆಲಸ ಆಗಲೇ ಶುರುವಾಗಿತ್ತು.

ನಮ್ಮಲ್ಲಿ ಕತೆ ಬೇರೆ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಶುರುವಾಯಿತು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ನೆರವಿನಿಂದ ಎಚ್‌ಎಂಟಿ ಬಂತು. ಎರಡೂ ಲೇತ್ ಮಾಡಿದವು, ಎಂಥ ಲೇತ್! ಆದರೆ ಅವು ಕಾರ್ಖಾನೆಯ ಯಂತ್ರಗಳು. ಅವಕ್ಕೆ ತ್ರೀ ಫೇಸ್ ಕರೆಂಟ್ ಬೇಕು, ಕಾಂಕ್ರೀಟ್ ನೆಲ ಬೇಕು, ಇಳಿಸಲು ಕ್ರೇನ್ ಬೇಕು. ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿರುವವರು ಅದನ್ನು ಆಸೆಯಿಂದ ನೋಡಬಹುದು, ತರಲಾರರು. 230 ವೋಲ್ಟಿನ ಸಾಮಾನ್ಯ ಪ್ಲಗ್‌ಗೆ ಸಿಕ್ಕಿಸಿ ಓಡಿಸುವ, ಇಬ್ಬರು ಎತ್ತಿ ಮೇಜಿನ ಮೇಲಿಡುವ ಲೇತ್ ಬೇಕಿತ್ತು. 1990ರ ದಶಕದಿಂದ ಜಗತ್ತಿನಾದ್ಯಂತ ಹರಡಿದ ಚೀನಾದ ಏಳಿಂಚಿನ ಲೇತ್ ತುಂಬಿದ್ದು ಈ ಜಾಗವನ್ನು. ಶಾಂಘೈನ ಸೀಗ್ ಅದರ ಹೆಸರುವಾಸಿ ತಯಾರಕರಲ್ಲಿ ಒಬ್ಬರು. ಒಂದೇ ಮಾದರಿಗೆ ಒಂದೊಂದು ದೇಶದಲ್ಲಿ ಒಂದೊಂದು ಬಣ್ಣ, ಒಂದೊಂದು ಹೆಸರು. ಇದರಿಂದ ಒಂದು ಲಾಭವೂ ಇದೆ. ಒಬ್ಬರ ಯಂತ್ರದ ಬಿಡಿಭಾಗ ಬಹಳ ಸಲ ಇನ್ನೊಬ್ಬರದಕ್ಕೆ ಕೂರುತ್ತದೆ.

ಹಾಗಾದರೆ ಯಾವುದು ಕೊಳ್ಳುವುದು? ಎರಡು ಲೇತ್‌ಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ ಭಾರವಾದದ್ದೇ ಇರಲಿ. 7×10 ಅಂತ ಮಾರುವುದರಲ್ಲಿ ಸೆಂಟರ್‌ಗಳ ನಡುವೆ ಎಂಟಿಂಚು ಮಾತ್ರ ಇರುವುದುಂಟು, ಟೇಪ್ ಹಿಡಿದು ಅಳೆಯಿರಿ. ಒಂದು ತುದಿಯಲ್ಲಿ ವಸ್ತುವನ್ನು ದವಡೆಗಳಿಂದ ಹಿಡಿಯುವ ಚಕ್, ಎದುರು ತುದಿಯಲ್ಲಿ ಡ್ರಿಲ್ ಕೂರಿಸಿದ ಮೇಲೆ ಉಳಿಯುವ ಜಾಗ ನೋಡಿದರೆ ಒಂದೆರಡು ಇಂಚಿನ ಬೆಲೆ ಗೊತ್ತಾಗುತ್ತದೆ. ಏಳು ಇಂಚಿನ ಸ್ವಿಂಗ್ ಕೂಡ ಬೆಡ್ ಮೇಲಷ್ಟೇ. ಉಳಿಯನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡ್ ಮೇಲೆ ಹಾದುಹೋಗುವುದು ನಾಲ್ಕಿಂಚು ಚಿಲ್ಲರೆ.

ಲೀಡ್ ಸ್ಕ್ರೂ ವಿಷಯ ಬಹಳ ಜನ ಮರೆಯುತ್ತಾರೆ. ಇದು ಇಂಚಿನ ಯಂತ್ರವೋ ಮಿಲಿಮೀಟರ್ ಯಂತ್ರವೋ? ಅಮೆರಿಕಕ್ಕೆ ಹೋಗುವ ಮಿನಿ ಲೇತ್‌ನಲ್ಲಿ ಲೀಡ್ ಸ್ಕ್ರೂ ಇಂಚಿಗೆ 16 ಥ್ರೆಡ್. ಮೆಟ್ರಿಕ್ ಮಾದರಿಯಲ್ಲಿ 1.5 ಮಿ.ಮೀ. ಪಿಚ್, ಅಂದರೆ ಒಂದು ಸುರುಳಿಯಿಂದ ಮುಂದಿನದಕ್ಕಿರುವ ದೂರ. ನಮ್ಮ ಗಾರೆ ಕೆಲಸದವರು ಇನ್ನೂ ಇಂಚು, ನೂಲು ಅಂತಲೇ ಮಾತಾಡುತ್ತಾರೆ ನಿಜ, ಆದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಎಂ6, ಎಂ8 ಬೋಲ್ಟು. ಇಂಚಿನ ಸ್ಕ್ರೂನಿಂದ ಮೆಟ್ರಿಕ್ ಥ್ರೆಡ್ ಸರಿಯಾಗಿ ಬರಬೇಕಾದರೆ 127 ಹಲ್ಲಿನ ಗೇರು ಬೇಕು. ಒಂದಿಂಚು 25.4 ಮಿ.ಮೀ., ಅದರ ಐದರಷ್ಟು 127, ಲೆಕ್ಕ ಅಲ್ಲಿಂದ ಬಂದದ್ದು. ಅಷ್ಟು ದೊಡ್ಡ ಗೇರಿಗೆ ಮಿನಿ ಲೇತ್‌ನಲ್ಲಿ ಜಾಗ ಸಿಗುವುದು ಕಷ್ಟ. ಗೇರುಗಳಲ್ಲಿ 63 ಮತ್ತು 100ರ ಅನುಪಾತ ಹಾಕಿದರೆ ಪಿಚ್ 1 ಮಿ.ಮೀ. ಬದಲು 1.000125 ಬರುತ್ತದೆ. ನಟ್ಟು ಬೋಲ್ಟಿಗೆ ಧಾರಾಳ ಸಾಕು. ಆದರೂ ಮೆಟ್ರಿಕ್ ಯಂತ್ರವನ್ನೇ ತಂದರೆ ಈ ತಲೆನೋವೇ ಇರುವುದಿಲ್ಲ.

ಮನೆಗೆ ಬಂದ ದಿನವೇ ಓಡಿಸಬೇಡಿ. ತುಕ್ಕು ಹಿಡಿಯದಿರಲಿ ಅಂತ ಮೈಯೆಲ್ಲ ಮೆತ್ತಿದ ಅಂಟು ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಎಣ್ಣೆ ಹಚ್ಚಿ. ಸ್ಲೈಡ್‌ಗಳ ಪಕ್ಕದಲ್ಲಿ ಗಿಬ್ ಅನ್ನುವ ಉದ್ದ ಪಟ್ಟಿಗಳಿರುತ್ತವೆ. ಅದರ ಸ್ಕ್ರೂಗಳನ್ನು ಕಾಲು ಸುತ್ತು, ಇನ್ನೂ ಸ್ವಲ್ಪ, ಹೀಗೆ ಬಿಗಿಯುತ್ತಾ ಹೋಗಿ. ಹ್ಯಾಂಡಲ್ ತಿರುಗಬೇಕು, ಸ್ಲೈಡ್ ಅಲುಗಬಾರದು. ಒಂದು ಸಂಜೆ ಪೂರ್ತಿ ಇದಕ್ಕೇ ಹೋದರೂ ಪರವಾಗಿಲ್ಲ. ಇನ್ನು ಕೆಳಗೆ ಬೀಳುವ ಉಕ್ಕಿನ ಸುರುಳಿಗಳು. ನಾವು ಮನೆಯಲ್ಲಿ ಬರಿಗಾಲಲ್ಲಿ ಓಡಾಡುವವರು, ಅಲ್ವಾ? ಗುಡಿಸದೆ ಎದ್ದು ಬರಬೇಡಿ. ಚಕ್ ಬಿಗಿಯುವ ಕೀ ಚಕ್‌ನಲ್ಲಿದ್ದಾಗ ಕೈ ಅದರ ಮೇಲೇ ಇರಲಿ. ಗ್ಲೌಸು, ಸೆರಗು, ಉದ್ದ ತೋಳು ತಿರುಗುವ ಯಂತ್ರದ ಹತ್ತಿರ ಬೇಡವೇ ಬೇಡ.

25 ಮಿ.ಮೀ. ಮೈಲ್ಡ್ ಸ್ಟೀಲ್ ಸರಳು, ಹೈಸ್ಪೀಡ್ ಸ್ಟೀಲ್ ಉಳಿ. ಸರಳಿನ ಮೈ ಉಳಿಯ ಮುಂದೆ ನಿಮಿಷಕ್ಕೆ 30 ಮೀಟರ್ ವೇಗದಲ್ಲಿ ಸರಿಯಬೇಕು ಅಂದರೆ ನಿಮಿಷಕ್ಕೆ ಸುಮಾರು 380 ಸುತ್ತು. ಅರ್ಧ ಮಿ.ಮೀ. ಆಳದ ಕಟ್ ಹಾಕಿ ನೋಡಿ, ಸುರುಳಿ ಸುಮ್ನೆ ಹಾಗೇ ಬಿಚ್ಚಿಕೊಂಡು ಬರುತ್ತದೆ. ಈಗ ಅದೇ ಸರಳನ್ನು ಪಾರ್ಟಿಂಗ್ ಟೂಲ್‌ನಿಂದ ತುಂಡು ಮಾಡಲು ಹೋಗಿ. ನನಗೆ ಮೊದಲ ಸಲ ಒಂದು ಗುರ್ ಶಬ್ದ, ಮೇಜು ನಡುಗಿತು, ಬ್ಲೇಡ್ ಮುರಿದು ಹಾರಿತು. ತಪ್ಪು ಬ್ಲೇಡಿನದಲ್ಲ. ಬೆಡ್ ಉದ್ದಕ್ಕೂ ಜಾರುವ ಕ್ಯಾರೇಜ್ ಮೇಲೆ ಕ್ರಾಸ್ ಸ್ಲೈಡ್, ಅದರ ಮೇಲೆ ಓರೆಯಾಗಿಯೂ ತಿರುಗಿಸಿ ಸರಿಸಬಹುದಾದ ಕಾಂಪೌಂಡ್ ಸ್ಲೈಡ್, ಅದರ ಮೇಲೆ ಉಳಿಯನ್ನು ಬಿಗಿಯುವ ಟೂಲ್ ಪೋಸ್ಟ್. ಪ್ರತಿ ಜೋಡಣೆಯೂ ಕೂದಲೆಳೆಯಷ್ಟು ಬಾಗುತ್ತದೆ. ಎಲ್ಲ ಸೇರಿ ಉಳಿ ಕೆಳಗೆ ಬಗ್ಗುತ್ತದೆ, ಉಕ್ಕಿನೊಳಗೆ ಕಚ್ಚುತ್ತದೆ, ಮತ್ತೆ ಚಿಮ್ಮುತ್ತದೆ.

ಇದಕ್ಕೆ ಹವ್ಯಾಸಿಗಳು ಕಂಡುಕೊಂಡ ದಾರಿ ನನಗೆ ತುಂಬ ಇಷ್ಟ. ಕಾಂಪೌಂಡ್ ಸ್ಲೈಡ್ ದಿನಾ ಬೇಕಾಗುವುದಿಲ್ಲ. ಅದನ್ನು ಬಿಚ್ಚಿಟ್ಟು, ಅದರ ಜಾಗಕ್ಕೆ ಅದೇ ಎತ್ತರದ ಗಟ್ಟಿ ಕಬ್ಬಿಣದ ದಿಮ್ಮಿಯೊಂದನ್ನು ಮಾಡಿ ಕೂರಿಸುತ್ತಾರೆ, ಮೇಲೆ ಟೂಲ್ ಪೋಸ್ಟ್. ನಾನೂ ಮಾಡಿದೆ. ದಿಮ್ಮಿಯ ಮುಖ ಸಮ ಮಾಡಿದ್ದೂ, ತೂತು ಕೊರೆದದ್ದೂ ಅದೇ ಲೇತ್‌ನಲ್ಲಿ, ನಾಲ್ಕು ದವಡೆಯ ಚಕ್‌ನಲ್ಲಿ ಹಿಡಿದು. ಆಮೇಲೆ ಅದೇ 25 ಮಿ.ಮೀ. ಸರಳಿಗೆ ಮತ್ತೊಂದು ಬ್ಲೇಡ್ ಹಾಕಿದೆ. ವೇಗ ಇಳಿಸಿ, ಎಣ್ಣೆ ಬಿಡುತ್ತಾ, ಹ್ಯಾಂಡಲ್ ನಿಲ್ಲಿಸದೆ ತಿರುಗಿಸಿದೆ. ಗುರ್ ಅನ್ನಲಿಲ್ಲ. ತುಂಡು ಕಳಚಿ ಟ್ರೇಗೆ ಬಿತ್ತು, ಇನ್ನೂ ಬಿಸಿಯಾಗಿತ್ತು.